ವಯಸ್ಸು ಕೇಳಬೇಡಿ, ಮೆಟ್ಟಿಲು ಇಳಿದಿರಾ ಎಂದು ಕೇಳಿ

ಹಿರಿಯರ ಸಂಖ್ಯೆ ಏರುತ್ತಿರುವಾಗ ರಾಜ್ಯವನ್ನೂ ಬಡಾವಣೆಯನ್ನೂ ಸಜ್ಜುಗೊಳಿಸುವ ಕ್ರಮ

ಮುಪ್ಪಿನ ಸಿದ್ಧತೆ ಎಂದಕೂಡಲೇ ಎಲ್ಲರಿಗೂ ಮೊದಲು ಹೊಳೆಯುವುದು ಕಟ್ಟಡ. ಹಿರಿಯರಿಗೊಂದು ಭವನ, ಅದಕ್ಕೊಂದು ಶಂಕುಸ್ಥಾಪನೆ. ಎರಡು ವರ್ಷ ಕಳೆದು ನೋಡಿದರೆ ಅಲ್ಲಿಗೆ ಬರುತ್ತಿರುವುದು ನಡೆದು ಬರಬಲ್ಲ ಅದೇ ಹತ್ತು ಹದಿನೈದು ಮಂದಿ. ಮೂರು ತಿಂಗಳಿಂದ ಮಹಡಿ ಇಳಿಯದ ಅಜ್ಜಿಯ ಹೆಸರು ಯಾರ ಪುಸ್ತಕದಲ್ಲೂ ಇರುವುದಿಲ್ಲ. ಭವನ ಕಟ್ಟಿದ್ದು ತಪ್ಪಲ್ಲ, ಮೊದಲು ಕಟ್ಟಿದ್ದು ತಪ್ಪು.

ನಿಧಾನಕ್ಕೆ ಮಾಡೋಣ ಎನ್ನುವಷ್ಟು ಸಮಯವೂ ಇಲ್ಲ. 65 ದಾಟಿದವರ ಪಾಲು ಜನಸಂಖ್ಯೆಯ ಶೇ 7ರಿಂದ ಶೇ 14ಕ್ಕೆ ಏರಲು ಫ್ರಾನ್ಸಿಗೆ ಸುಮಾರು 115 ವರ್ಷ ಹಿಡಿಯಿತು. ಜಪಾನ್ ಅದೇ ದಾರಿಯನ್ನು 1970ರಿಂದ 1994ರೊಳಗೆ, ಬರೀ 24 ವರ್ಷಗಳಲ್ಲಿ ಸವೆಸಿತು. ಈಗ ಮುಪ್ಪಿಗೆ ಕಾಲಿಡುತ್ತಿರುವ ಬಹಳಷ್ಟು ನಾಡುಗಳಿಗೆ ಸಿಗುವುದು ಜಪಾನಿಗೆ ಸಿಕ್ಕಷ್ಟೇ ಅವಧಿ.

ಹಂತ 1: ರಾಜ್ಯದ ಲೆಕ್ಕ

ಇದು ಸುಲಭದ ಹಂತ. 20 ವರ್ಷದ ಮೇಲೆ 80 ದಾಟುವವರೆಲ್ಲ ಇಂದೇ 60 ದಾಟಿದ್ದಾರೆ. ಜನಗಣತಿಯ ವಯೋವಾರು ಪಟ್ಟಿಯನ್ನೂ ಮರಣ ಪ್ರಮಾಣದ ಕೋಷ್ಟಕವನ್ನೂ ಪಕ್ಕಪಕ್ಕ ಇಟ್ಟರೆ ಲೆಕ್ಕ ಕೈಗೆ ಸಿಗುತ್ತದೆ. ಆದರೆ ‘60 ದಾಟಿದವರು’ ಎಂದು ಎಲ್ಲರನ್ನೂ ಒಂದೇ ಗುಂಪಿಗೆ ಸೇರಿಸಬೇಡಿ. 62ರ ಮಗಳು 85ರ ತಾಯಿಯನ್ನು ನೋಡಿಕೊಳ್ಳುತ್ತಿರುತ್ತಾಳೆ. ಇಬ್ಬರನ್ನೂ ಒಂದೇ ಅಂಕಣದಲ್ಲಿ ಬರೆದರೆ ಲೆಕ್ಕಕ್ಕೆ ಅರ್ಥವೇ ಉಳಿಯುವುದಿಲ್ಲ. 60–69, 70–79, 80 ಮತ್ತು ಮೇಲೆ ಎಂದು ಮೂರು ಭಾಗ ಮಾಡಿ. ಹೆಂಗಸರ ಲೆಕ್ಕ ಬೇರೆ, ಗಂಡಸರ ಲೆಕ್ಕ ಬೇರೆ ಇರಲಿ, 80ರ ಮೇಲೆ ಹೆಂಗಸರೇ ಹೆಚ್ಚು. ಜಿಲ್ಲಾವಾರು ಪಟ್ಟಿಯೂ ಬೇಕು. ದುಡಿಯುವ ವಯಸ್ಸಿನವರು ಊರು ಬಿಟ್ಟು ಹೋದ ಕಡೆ ಮುಪ್ಪಿನ ಪ್ರಮಾಣ ರಾಜ್ಯದ ಸರಾಸರಿಗಿಂತ ಎಷ್ಟೋ ಮೇಲಿರುತ್ತದೆ.

ಹಂತ 2: ಒಬ್ಬರು ಹೊಣೆಗಾರರು

ಪಿಂಚಣಿ ಒಂದು ಇಲಾಖೆ, ಆಸ್ಪತ್ರೆ ಇನ್ನೊಂದು, ರಸ್ತೆ ಮತ್ತೊಂದು, ವಸತಿ ಮಗದೊಂದು. ಇವುಗಳ ನಡುವೆ ಬಿದ್ದು ಹೋಗುವ ಕೆಲಸಗಳೇ ಹಿರಿಯರಿಗೆ ಬೇಕಾದ ಕೆಲಸಗಳು. ಎಲ್ಲ ಇಲಾಖೆಗಳ ಬಜೆಟ್ ಕಡತದ ಮೇಲೂ ಷರಾ ಬರೆಯುವ ಅಧಿಕಾರವಿರುವ ಒಬ್ಬ ಅಧಿಕಾರಿ ಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2021ರಲ್ಲಿ ಹತ್ತು ವರ್ಷಗಳ ಯೋಜನೆ ಪ್ರಕಟಿಸಿತು. ಅದಕ್ಕೂ ಮುನ್ನ, 2019ರಲ್ಲಿ, ರಾಜ್ಯಪಾಲರೇ ಆದೇಶ ಹೊರಡಿಸಿ ಇಲಾಖೆಗಳನ್ನು ಒಂದೆಡೆ ಕೂರಿಸಿದ್ದರು. ಅಲ್ಲಿ ರಾಜ್ಯಪಾಲರೇ ಆಡಳಿತದ ಮುಖ್ಯಸ್ಥರು ಎಂಬುದು ನೆನಪಿರಲಿ. ಆದೇಶ ಮೇಲಿನಿಂದ ಬರದಿದ್ದರೆ ಇಲಾಖೆಗಳು ಕದಲುವುದಿಲ್ಲ. ವಾರ್ಡ್ ಮಟ್ಟದಲ್ಲೂ ಹಾಗೇ: ಸಂಬಳ ಪಡೆಯುವ ಒಬ್ಬ ಸಂಯೋಜಕರು, ಅವರಿಗೊಂದು ಫೋನು. ಹದಿನೈದು ಜನರ ಸಮಿತಿ ಆ ಕೆಲಸ ಮಾಡಲಾರದು.

ಹಂತ 3: ಮನೆಮನೆಯ ಪಟ್ಟಿ

ಎಲ್ಲರೂ ಎಡವುವುದು ಇಲ್ಲಿ, ಅದಕ್ಕೇ ಇದಕ್ಕೆ ಹೆಚ್ಚು ಜಾಗ.

2003ರ ಬೇಸಿಗೆಯಲ್ಲಿ ಫ್ರಾನ್ಸಿನಲ್ಲಿ ಬಿಸಿಗಾಳಿಗೆ ಸುಮಾರು 15,000 ಮಂದಿ ಸತ್ತರು. ಹೆಚ್ಚಿನವರು ವೃದ್ಧರು, ಅವರಲ್ಲಿ ಒಂಟಿಯಾಗಿ ಬದುಕುತ್ತಿದ್ದವರು ಬಹಳ. ಮರುವರ್ಷ ಅಲ್ಲಿ ಕಾನೂನು ಬಂತು: ಪ್ರತಿ ಊರಿನ ಮೇಯರ್ ಕಚೇರಿಯೂ ದುರ್ಬಲ ಹಿರಿಯರ ಪಟ್ಟಿ ಇಟ್ಟುಕೊಳ್ಳಬೇಕು. ಒಳ್ಳೆಯ ಕಾನೂನೇ, ಆದರೆ ಹೆಸರು ಕೊಡುವುದು ಅವರವರ ಇಚ್ಛೆಗೆ ಬಿಟ್ಟದ್ದು. ತಾವಾಗಿ ಬಂದು ಹೆಸರು ಬರೆಸುವವರಿಗೆ ಹೇಳಿಕೊಳ್ಳಲು ಯಾರೋ ಒಬ್ಬರಾದರೂ ಇರುತ್ತಾರೆ. ಯಾರೂ ಇಲ್ಲದವರು ಬರುವುದಿಲ್ಲ. ಆದ್ದರಿಂದ ಪ್ರಕಟಣೆ ಹೊರಡಿಸಿ ಅರ್ಜಿಗೆ ಕಾಯಬೇಡಿ, ಬಾಗಿಲು ತಟ್ಟಿ.

*ಯಾರು ಹೋಗಬೇಕು:* ಇಬ್ಬರು, ಒಬ್ಬರಾದರೂ ಹೆಂಗಸು. ಒಂದು ಮನೆಗೆ ಅರ್ಧ ಗಂಟೆ, ದಿನಕ್ಕೆ ಎಂಟರಿಂದ ಹತ್ತು ಮನೆ. ದಿನಕ್ಕೆ 40 ಮನೆಯ ಗುರಿ ಕೊಟ್ಟರೆ ನಮೂನೆ ಜಗಲಿಯ ಮೇಲೇ ಭರ್ತಿಯಾಗುತ್ತದೆ. ಮಾಹಿತಿಯನ್ನು ಕಾಗದದ ಮೇಲೆ ಬರೆದುಕೊಂಡು ಸಂಜೆ ಕಂಪ್ಯೂಟರಿಗೆ ಏರಿಸಿ. ಹಿರಿಯರ ಎದುರು ಕೂತು ಮೊಬೈಲ್ ಪರದೆ ನೋಡುತ್ತಾ ಪ್ರಶ್ನೆ ಕೇಳಿದರೆ ಎರಡು ಮಾತಿನ ಉತ್ತರವಷ್ಟೇ ಸಿಗುತ್ತದೆ.

*ಯಾರನ್ನು ಕೇಳಬೇಕು:* ಹಿರಿಯರನ್ನೇ. ಬಾಗಿಲು ತೆರೆದ ಮಗನೋ ಸೊಸೆಯೋ ‘ಏನೂ ತೊಂದರೆ ಇಲ್ಲ, ಆರಾಮಾಗಿದ್ದಾರೆ’ ಎಂದಾಗ ಒಪ್ಪಿ ಮರಳುವುದು ಅತಿ ದೊಡ್ಡ ತಪ್ಪು. ಮನೆಯವರೊಡನೆ ಮಾತಾಡಿ, ಆದರೆ ಹತ್ತು ನಿಮಿಷವಾದರೂ ಹಿರಿಯರ ಜತೆ ಪ್ರತ್ಯೇಕವಾಗಿ ಕೂರಿ. ಒಬ್ಬರು ಮನೆಯವರನ್ನು ಇನ್ನೊಂದು ಕೋಣೆಯಲ್ಲಿ ಮಾತಿಗೆ ಹಿಡಿದಿಟ್ಟುಕೊಳ್ಳಲಿ. ಇಬ್ಬರನ್ನು ಕಳಿಸುವುದು ಇದಕ್ಕಾಗಿಯೇ. ಬೈಗುಳ, ಹಸಿವು, ಪಿಂಚಣಿ ಹಣ ಕಸಿಯುವುದು ಹೊರಗೆ ಬರುವುದು ಈ ಹತ್ತು ನಿಮಿಷದಲ್ಲಿ ಮಾತ್ರ.

*ಏನು ಕೇಳಬೇಕು:* ವೈದ್ಯಲೋಕದಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಎರಡು ಪಟ್ಟಿಗಳಿವೆ. ಒಂದು 1963ರ ಕಾಟ್ಜ್ ಪಟ್ಟಿ. ಅದರಲ್ಲಿ ದೇಹದ ಆರು ಕೆಲಸಗಳಿವೆ: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದ ಎದ್ದು ಕೂರುವುದು, ಮಲಮೂತ್ರದ ಹಿಡಿತ, ಊಟ. ಇನ್ನೊಂದು 1969ರ ಲಾಟನ್ ಪಟ್ಟಿ. ಅದರಲ್ಲಿ ಎಂಟು: ಫೋನು, ಅಂಗಡಿ, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಓಡಾಟ, ಔಷಧಿ, ಹಣ. ಈ 14 ಸಾಕು. 60 ಪ್ರಶ್ನೆಗಳ ನಮೂನೆ ತಯಾರಿಸಬೇಡಿ. ಇಪ್ಪತ್ತನೆಯದು ಮುಗಿಯುವಷ್ಟರಲ್ಲಿ ಅವರಿಗೂ ಸುಸ್ತು, ನಿಮಗೂ ಸುಸ್ತು.

ಕೇಳುವ ರೀತಿಯಲ್ಲೇ ಎಲ್ಲವೂ ಇದೆ. ‘ಸ್ನಾನಕ್ಕೆ ತೊಂದರೆ ಆಗುತ್ತಾ?’ ಎಂದರೆ ನೂರಕ್ಕೆ ತೊಂಬತ್ತು ಮಂದಿ ‘ಇಲ್ಲಪ್ಪ’ ಎನ್ನುತ್ತಾರೆ. ಯಾರಿಗೂ ಹೊರೆ ಎನಿಸಿಕೊಳ್ಳುವ ಮನಸ್ಸಿರುವುದಿಲ್ಲ. ‘ಕೊನೆಯ ಸಲ ಸ್ನಾನ ಮಾಡಿದ್ದು ಯಾವತ್ತು? ಬೆನ್ನು ತಿಕ್ಕಿದ್ದು ಯಾರು?’ ಎಂದು ಕೇಳಿ. ‘ಔಷಧಿ ಸರಿಯಾಗಿ ತಗೋತೀರಾ?’ ಎನ್ನುವ ಬದಲು ‘ಮಾತ್ರೆಗಳನ್ನು ಸ್ವಲ್ಪ ತೋರಿಸ್ತೀರಾ?’ ಎನ್ನಿ. ತಿಂಗಳ ಕೊನೆಯಲ್ಲೂ ಮಾತ್ರೆಯ ಸ್ಟ್ರಿಪ್ ತುಂಬಿದ್ದರೆ ನುಂಗುತ್ತಿಲ್ಲ. ಒಂದೇ ಮಾತ್ರೆ ಎರಡು ಬೇರೆ ಹೆಸರಿನಲ್ಲಿದ್ದರೆ ಇಬ್ಬರು ವೈದ್ಯರು ಒಬ್ಬರಿಗೊಬ್ಬರು ತಿಳಿಯದೆ ಬರೆದಿದ್ದಾರೆ. ಐದು ಬಗೆಗಿಂತ ಹೆಚ್ಚಿದ್ದರೆ ವೈದ್ಯರಿಂದ ಮರುಪರಿಶೀಲನೆಗೆ ಗುರುತು ಹಾಕಿ. ‘ಮೆಟ್ಟಿಲು ಹತ್ತುತ್ತೀರಾ?’ ಎಂಬುದಕ್ಕಿಂತಲೂ ‘ಕೊನೆಯ ಸಲ ಮೆಟ್ಟಿಲು ಇಳಿದು ಬೀದಿಗೆ ಬಂದದ್ದು ಯಾವಾಗ?’ ಎಂಬುದು ಒಳ್ಳೆಯ ಪ್ರಶ್ನೆ.

ಕೊನೆಯಲ್ಲಿ ಕುರ್ಚಿ ಪರೀಕ್ಷೆ. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಎದೆಯ ಮೇಲೆ ಕೈಕಟ್ಟಿಕೊಂಡು ಐದು ಸಲ ಎದ್ದು ಕೂರಲು ಹೇಳಿ, ಪಕ್ಕದಲ್ಲೇ ನಿಂತಿರಿ. 14 ಸೆಕೆಂಡಿನೊಳಗೆ ಆಗದಿದ್ದರೆ ಕಾಲಿನ ಬಲ ಕುಂದಿದೆ ಎಂದು ಅರ್ಥ. ವಿಶ್ವ ಆರೋಗ್ಯ ಸಂಸ್ಥೆ ಹಿರಿಯರ ಪ್ರಾಥಮಿಕ ತಪಾಸಣೆಗೆ ಸೂಚಿಸಿರುವುದೂ ಇದನ್ನೇ. ಮೂರು ತಿಂಗಳಲ್ಲಿ ಬಯಸದೆಯೇ 3 ಕೆ.ಜಿ.ಗಿಂತ ಹೆಚ್ಚು ತೂಕ ಇಳಿದಿದೆಯೇ ಎಂಬ ಪ್ರಶ್ನೆಯೂ ಅದೇ ತಪಾಸಣೆಯಲ್ಲಿದೆ. ಉಡುಪು ಸಡಿಲವಾಗಿದೆಯೇ ನೋಡಿದರೆ ತಕ್ಕಡಿ ಇಲ್ಲದೆಯೂ ಗೊತ್ತಾಗುತ್ತದೆ.

*ವಿಂಗಡಣೆ:* ಮೂರೇ ಗುಂಪು. ಎಲ್ಲವನ್ನೂ ತಾವೇ ಮಾಡಿಕೊಳ್ಳುವವರು ಮೊದಲನೆಯದು. ಮನೆಯೊಳಗೆ ಸರಿ, ಆದರೆ ಔಷಧಿ, ಹಣ, ಅಂಗಡಿ, ಓಡಾಟಕ್ಕೆ ಇನ್ನೊಬ್ಬರು ಬೇಕು ಎನ್ನುವವರು ಎರಡನೆಯದು. ದೇಹದ ಆರು ಕೆಲಸಗಳಲ್ಲಿ ಒಂದಕ್ಕಾದರೂ ನೆರವು ಬೇಕಾದವರು ಮೂರನೆಯದು. ಸಾಮಾನ್ಯವಾಗಿ ಕೈಬಿಡುವುದರಲ್ಲಿ ಸ್ನಾನ ಮುಂಚೆ, ಉಣ್ಣುವುದು ಕಟ್ಟಕಡೆಗೆ. ಹಣ ಕಡಿಮೆಯಿದ್ದಾಗ ಎಲ್ಲರೂ ಮೂರನೆಯ ಗುಂಪಿಗೇ ಸುರಿಯುತ್ತಾರೆ, ಕರುಣೆ ಸಹಜ. ಆದರೆ ಎರಡನೆಯ ಗುಂಪನ್ನು ಬಿಟ್ಟರೆ ಒಂದು ಬೀಳುವಿಕೆ, ಒಂದು ತಪ್ಪಿದ ಔಷಧಿ ಅವರನ್ನು ಮೂರನೆಯದಕ್ಕೆ ತಳ್ಳುತ್ತದೆ. ವಾರಕ್ಕೊಂದು ಭೇಟಿ, ನಡುವೆ ಒಂದು ಫೋನು ಮೊದಲು ಮೀಸಲಿಡಬೇಕಾದದ್ದು ಇವರಿಗೆ.

*ಗುಟ್ಟು:* ಒಂಟಿ ವೃದ್ಧರ ವಿಳಾಸಗಳ ಪಟ್ಟಿ ವಂಚಕರಿಗೆ ಸಿಗುವ ನಿಧಿ. ಅದನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ, ಸೂಚನಾ ಫಲಕಕ್ಕೆ ಅಂಟಿಸಬೇಡಿ. ಪ್ರತಿ ಭೇಟಿಗಾರರ ಕೈಯಲ್ಲಿ ಅವರ ಪಾಲಿನ ಮನೆಗಳಷ್ಟೇ ಇರಲಿ. ಹೆಸರು ಸೇರಿಸುವ ಮುನ್ನ ಹಿರಿಯರ ಒಪ್ಪಿಗೆ ಕೇಳಿ. ಬೇಡ ಎಂದವರನ್ನು ಒತ್ತಾಯಿಸಬೇಡಿ, ತಿಂಗಳು ಬಿಟ್ಟು ಮತ್ತೊಮ್ಮೆ ಹೋಗಿ ಮಾತಾಡಿಸಿ.

ಪಟ್ಟಿ ಹಳಸುವುದು ಬೇಗ. ಆರು ತಿಂಗಳಿಗೊಮ್ಮೆ ಇಡೀ ಪಟ್ಟಿ ತಿರುವಿ. ಅದರ ನಡುವೆ ನಾಲ್ಕು ಸಂಗತಿ ನಡೆದರೆ ಅದೇ ವಾರ ಆ ಮನೆಗೆ ಹೋಗಿ: ಬಿದ್ದಾಗ, ಆಸ್ಪತ್ರೆಯಿಂದ ಬಂದಾಗ, ಗಂಡ ಅಥವಾ ಹೆಂಡತಿ ತೀರಿಕೊಂಡಾಗ, ಜೊತೆಗಿದ್ದವರು ಮನೆ ಬಿಟ್ಟಾಗ.

ಹಂತ 4: ಆಸ್ಪತ್ರೆಯಿಂದ ಮನೆಗೆ

ಡಿಸ್ಚಾರ್ಜ್ ಆದ ದಿನವೇ ಸಂಯೋಜಕರಿಗೆ ಕರೆ ಹೋಗಬೇಕು, 48 ಗಂಟೆಯೊಳಗೆ ಮನೆಗೆ ಫೋನು, ಏಳು ದಿನದೊಳಗೆ ಭೇಟಿ. ಭೇಟಿಯಲ್ಲಿ ಹಳೆಯ ಮಾತ್ರೆಗಳನ್ನೂ ಹೊಸ ಚೀಟಿಯನ್ನೂ ಎದುರುಬದುರು ಇಟ್ಟು ನೋಡಬೇಕು. ನಿಲ್ಲಿಸಲು ಹೇಳಿದ್ದನ್ನೂ ನುಂಗುತ್ತಿರುವುದು ಪದೇಪದೇ ಕಾಣುವ ಎಡವಟ್ಟು. ಇದನ್ನು ಆಸ್ಪತ್ರೆಯ ಸೌಜನ್ಯಕ್ಕೆ ಬಿಡದೆ ರಾಜ್ಯ ಸರ್ಕಾರವೇ ನಿಯಮ ಮಾಡಬೇಕು.

ಹಂತ 5: ಬಚ್ಚಲು, ಮೆಟ್ಟಿಲು, ರಸ್ತೆ

ಬಚ್ಚಲಿನಿಂದ ಶುರುಮಾಡಿ. ಕಮೋಡಿನ ಪಕ್ಕ ನೆಲದಿಂದ 85–90 ಸೆಂ.ಮೀ. ಎತ್ತರಕ್ಕೆ ಹಿಡಿಕೆಯ ಸರಳು. ಅದರ ದಪ್ಪ 32–38 ಮಿ.ಮೀ. ಇರಲಿ, ಅದಕ್ಕಿಂತ ದಪ್ಪವಾದರೆ ಮುದಿ ಬೆರಳು ಸುತ್ತಿ ಹಿಡಿಯಲಾರದು. ಗೋಡೆಗೂ ಸರಳಿಗೂ ನಡುವೆ 38 ಮಿ.ಮೀ. ಅಂತರ. ಅದು ಹೆಚ್ಚಾದರೆ ಜಾರಿದಾಗ ಮೊಣಕೈ ಸಂದಿಯಲ್ಲಿ ಸಿಕ್ಕಿ ಮುರಿಯುತ್ತದೆ. ಬೋಲ್ಟ್ ಟೈಲ್ಸ್ ದಾಟಿ, ಗಿಲಾವು ದಾಟಿ, ಇಟ್ಟಿಗೆಯೊಳಗೆ ಕೂರಬೇಕು. ಕೂರಿಸಿದ ಮೇಲೆ ತೂಕದ ಆಳೊಬ್ಬರು ಪೂರ್ತಿ ಭಾರ ಹಾಕಿ ಜಗ್ಗಿ ನೋಡಲಿ. ನಿರ್ವಾತದಿಂದ ಅಂಟಿಕೊಳ್ಳುವ ರಬ್ಬರ್ ಬಟ್ಟಲಿನ ಹಿಡಿಕೆಗಳನ್ನು ಮಾತ್ರ ಕೊಳ್ಳಲೇಬೇಡಿ. ಹಾಕಿದ ದಿನ ಗಟ್ಟಿಯಾಗಿರುತ್ತವೆ, ಭಾರ ಬಿದ್ದ ದಿನ ಕಿತ್ತು ಬರುತ್ತವೆ. ಟವೆಲ್ ನೇತುಹಾಕುವ ಕಂಬಿ ಕೈಗೆಟುಕುವಲ್ಲಿದ್ದರೆ ತೆಗೆದುಬಿಡಿ, ಜಾರುವ ಕೈ ಅದನ್ನೇ ಹಿಡಿಯುತ್ತದೆ.

ಸಾರ್ವಜನಿಕ ಕಟ್ಟಡದ ಇಳಿಜಾರು 1:12. ಅಂದರೆ 15 ಸೆಂ.ಮೀ. ಮೆಟ್ಟಿಲಿಗೆ 1.8 ಮೀಟರ್ ಉದ್ದ. ಜಾಗ ಸಾಲದೆಂದು ಅರ್ಧಕ್ಕೆ ನಿಲ್ಲಿಸಿದ ಇಳಿಜಾರಿನಲ್ಲಿ ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ, ಅದಕ್ಕಿಂತ ಮೆಟ್ಟಿಲೇ ವಾಸಿ.

ಸಿಗ್ನಲ್ ಲೆಕ್ಕ ಹೀಗೆ: ಪಾದಚಾರಿ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಎಂದು ಬಹಳ ಕಡೆ ಹಿಡಿಯುತ್ತಾರೆ. ಆ ಲೆಕ್ಕದಲ್ಲಿ 12 ಮೀಟರ್ ರಸ್ತೆಗೆ 10 ಸೆಕೆಂಡು. ಹಿರಿಯರಲ್ಲಿ ಅನೇಕರ ನಡಿಗೆ 0.8 ಮೀಟರ್, ಅವರಿಗೆ 15 ಸೆಕೆಂಡು ಬೇಕು. ಹತ್ತು ಸೆಕೆಂಡು ಕಳೆದಾಗ ಅವರು ಇನ್ನೂ 4 ಮೀಟರ್ ಹಿಂದೆ, ವಾಹನಗಳ ಮುಂದೆ ನಿಂತಿರುತ್ತಾರೆ. ಗಡಿಯಾರ ಬದಲಿಸಲು ಖರ್ಚಿಲ್ಲ, ಇಂದೇ ಮಾಡಿಸಿ. ಕಾಲುದಾರಿಯಲ್ಲಿ ನೂರು ಮೀಟರಿಗೊಂದು ಬೆಂಚು ಹಾಕಿಸಿ. ಅದಕ್ಕೆ ಬೆನ್ನೂ ಕೈಯೂ ಇರಲಿ, ಆಸನ 45 ಸೆಂ.ಮೀ. ಎತ್ತರ. ಕೈಯಿಲ್ಲದ ಕಲ್ಲಿನ ಬೆಂಚಿನಲ್ಲಿ ಕೂತವರು ಏಳಲಾರರು.

ಹಂತ 6: ನೋಡಿಕೊಳ್ಳುವವರು

ಮನೆಯ ಒಬ್ಬರೇ ಹಗಲೂ ರಾತ್ರಿ ನೋಡಿಕೊಂಡರೆ ಮೊದಲು ಮುರಿಯುವುದು ಅವರ ಬೆನ್ನು, ಆಮೇಲೆ ನಿದ್ದೆ. ಎರಡು ತರಬೇತಿ ಕಡ್ಡಾಯ: ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಬೆನ್ನು ಬಗ್ಗಿಸದೆ ಮಂಡಿ ಮಡಿಸಿ ಎತ್ತುವುದು. ಜತೆಗೆ ವಾರಕ್ಕೆ ಅರ್ಧ ದಿನವಾದರೂ ಬದಲಿ ಆಳು. ಜಪಾನ್ 2000ನೇ ಇಸವಿಯಲ್ಲಿ 40 ದಾಟಿದವರಿಂದ ಕಂತು ಪಡೆಯುವ ಆರೈಕೆ ವಿಮೆ ತಂದದ್ದು ಈ ಭಾರ ಮನೆಯವರ ಮೇಲಷ್ಟೇ ಬೀಳದಿರಲಿ ಎಂದು. 2005ರಿಂದ ಅಲ್ಲಿ ಮರೆವಿನ ಕಾಯಿಲೆಯವರೊಡನೆ ನಡೆದುಕೊಳ್ಳುವ ಬಗ್ಗೆ ಜನಸಾಮಾನ್ಯರಿಗೆ ಸುಮಾರು 90 ನಿಮಿಷದ ಪಾಠ ಹೇಳುತ್ತಾರೆ. ಒಂದು ಕೋಟಿಗೂ ಹೆಚ್ಚು ಮಂದಿ ಅದನ್ನು ಕಲಿತಿದ್ದಾರೆ. ಬ್ಯಾಂಕಿನ ಗುಮಾಸ್ತರು, ಬಸ್ ಚಾಲಕರು, ಅಂಗಡಿಯವರಿಂದ ನೀವೂ ಇದನ್ನು ಶುರುಮಾಡಬಹುದು.

ಕುತ್ತಿಗೆಗೆ ಕಟ್ಟುವ ತುರ್ತು ಗುಂಡಿಗಳನ್ನು ಸಗಟಾಗಿ ಕೊಳ್ಳುವ ಮುನ್ನ ಒಂದು ಪ್ರಶ್ನೆ: ರಾತ್ರಿ ಎರಡಕ್ಕೆ ಒತ್ತಿದರೆ ಯಾರು ಬರುತ್ತಾರೆ? ಉತ್ತರವಾಗಿ ಹೆಸರು ಹೇಳಲಾಗದಿದ್ದರೆ ಕೊಳ್ಳಬೇಡಿ.

ಹಂತ 7: ಭವನ

ಕಟ್ಟುವುದಿದ್ದರೆ ಈಗ ಕಟ್ಟಿ. ನೆಲಮಹಡಿಯಲ್ಲಿ, ಕರೆದುಕೊಂಡು ಬಂದು ಬಿಡುವ ವಾಹನದೊಂದಿಗೆ.

ಕೊನೆಗೊಂದು ಪರೀಕ್ಷೆ

ಯಾರಿಗೂ ಮುನ್ಸೂಚನೆ ಕೊಡದೆ ಒಂದು ಸುಡುಬಿಸಿಲಿನ ಬೆಳಿಗ್ಗೆ ಎರಡನೆಯ, ಮೂರನೆಯ ಗುಂಪಿನಿಂದ ಹತ್ತು ಹೆಸರು ಎತ್ತಿ ಸಂಯೋಜಕರಿಗೆ ಕೊಡಿ. ಮುಪ್ಪಿನಲ್ಲಿ ಬಾಯಾರಿಕೆಯ ಅರಿವೇ ಮಂದವಾಗುವುದರಿಂದ ಇಂಥ ದಿನವೇ ಬೇಕು. ಮಧ್ಯಾಹ್ನದೊಳಗೆ ಹತ್ತೂ ಮಂದಿಯನ್ನು ಮುಖತಃ ಕಂಡು, ನೀರು ಕುಡಿದಿದ್ದಾರೆಯೇ, ಕಿಟಕಿ ತೆರೆದಿದೆಯೇ ನೋಡಿ ಬರಬೇಕು. ‘ಫೋನು ಎತ್ತಲಿಲ್ಲ’, ‘ಮನೆ ಬೀಗ ಹಾಕಿತ್ತು’ ಎಂಬವು ಕಂಡ ಲೆಕ್ಕಕ್ಕಿಲ್ಲ. ಎಂಟಕ್ಕಿಂತ ಕಡಿಮೆಯಾದರೆ ಮೂರನೆಯ ಹಂತಕ್ಕೆ ಮರಳಿ, ಆ ಬೀದಿಯ ಬಾಗಿಲುಗಳನ್ನು ಮತ್ತೆ ತಟ್ಟಿ.