ಸಿವಿಲ್ ಓದಿದವಳು ಕಂಪ್ಯೂಟರ್ ಸೈನ್ಸ್‌ಗೆ ಅರ್ಜಿ ಹಾಕಿದ್ದು

ತುಮಕೂರಿನ ಹೊರಗೆ ಒಂದು ಹಾಸ್ಟೆಲ್ ಕಟ್ಟಡದ ಕೆಲಸದಲ್ಲಿ ನಾನು ಎರಡೂವರೆ ವರ್ಷ ಸೈಟ್ ಎಂಜಿನಿಯರ್ ಆಗಿದ್ದೆ. ಓದಿದ್ದು ವಿಟಿಯು ಸಿವಿಲ್. ಕಂಪ್ಯೂಟರ್ ಅಂದರೆ ನನಗೆ ಆಟೋಕ್ಯಾಡ್ ಮತ್ತು ಎಕ್ಸೆಲ್, ಅಷ್ಟೇ. ಈಗ ಐಐಟಿ ಮದ್ರಾಸ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಎಂ.ಎಸ್. ಮಾಡುತ್ತಿದ್ದೇನೆ. ‘ಅಕ್ಕ, ಹೇಗೆ ಮಾಡಿದ್ರಿ?’ ಎಂದು ಕಾಲೇಜಿನ ಜೂನಿಯರ್‌ಗಳು ಫೋನ್ ಮಾಡುತ್ತಲೇ ಇರುತ್ತಾರೆ. ಹತ್ತು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಕೂತು ಬರೆದಿದ್ದೇನೆ.

ಎಲ್ಲ ಶುರುವಾಗಿದ್ದು ಕಂಬಿ ಕಟಿಂಗಿನಿಂದ. ಸೈಟಿಗೆ ಬರುವ ಕಂಬಿ 12 ಮೀಟರ್ ಉದ್ದ. ಬೀಮಿಗೆ ಒಂದು ಅಳತೆ, ಕಾಲಮ್ಮಿಗೆ ಇನ್ನೊಂದು, ಸ್ಲ್ಯಾಬಿಗೆ ಮತ್ತೊಂದು. ಕತ್ತರಿಸಿದ ಮೇಲೆ ಉಳಿದ ತುಂಡುಗಳು ಮೂಲೆಯಲ್ಲಿ ರಾಶಿ ಬೀಳುತ್ತವೆ. 16 ಎಂಎಂ ಕಂಬಿ ಒಂದಕ್ಕೇ ಸುಮಾರು 19 ಕೆಜಿ ತೂಕ. ತಿಂಗಳ ಕೊನೆಗೆ ಆ ರಾಶಿಯನ್ನು ತೂಕಕ್ಕೆ ಹಾಕಿದಾಗ ಲೆಕ್ಕ ಕೊಡಬೇಕಾದವಳು ನಾನು. ನಮ್ಮ ಬಾರ್ ಬೆಂಡಿಂಗ್ ಮೇಸ್ತ್ರಿ ಮೊದಲ ವಾರದಲ್ಲೇ ಹೇಳಿದ್ದರು: ‘ದೊಡ್ಡದು ಮೊದಲು ಕಟ್ ಮಾಡಿಸಿ ಮೇಡಂ. ಸಣ್ಣ ಪೀಸೆಲ್ಲ ಉಳಿದಿದ್ದರಲ್ಲೇ ಸಿಗುತ್ತೆ.’

ಅವರ ಮಾತನ್ನೇ ಎಕ್ಸೆಲ್‌ಗೆ ಹಾಕಿದೆ. ಅದು ಸಾಲದಾದಾಗ ಯೂಟ್ಯೂಬ್ ನೋಡಿ ಪೈಥಾನ್ ಕಲಿತು 40 ಸಾಲಿನ ಒಂದು ಪ್ರೋಗ್ರಾಂ ಬರೆದೆ. ಬೇಕಾದ ಅಳತೆಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಜೋಡಿಸುವುದು, ಒಂದೊಂದನ್ನೂ ಜಾಗ ಇರುವ ಮೊದಲ ಕಂಬಿಗೆ ಹಾಕುವುದು, ಎಲ್ಲೂ ಜಾಗ ಇಲ್ಲದಿದ್ದರೆ ಹೊಸ ಕಂಬಿ ತೆಗೆಯುವುದು. ರಾಶಿ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಒಂದು ರಾತ್ರಿ ರೂಮಿನಲ್ಲಿ ಹುಡುಕುತ್ತಿದ್ದಾಗ ಗೊತ್ತಾಯಿತು, ಮೇಸ್ತ್ರಿ ಹೇಳಿದ್ದಕ್ಕೆ ‘ಫಸ್ಟ್ ಫಿಟ್ ಡಿಕ್ರೀಸಿಂಗ್’ ಎಂಬ ಹೆಸರಿದೆ. ಇಡೀ ಪ್ರಶ್ನೆಗೆ ‘ಬಿನ್ ಪ್ಯಾಕಿಂಗ್’ ಎನ್ನುತ್ತಾರೆ. ಅದರ ಮೇಲೆ ಹತ್ತಾರು ವರ್ಷಗಳಿಂದ ಜನ ತಲೆ ಕೆಡಿಸಿಕೊಂಡಿದ್ದಾರೆ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಇದನ್ನೇ ಓದಬೇಕು ಅನಿಸಿತು.

ದಾರಿ ಯಾವುದು ಎಂದು ನೋಡಿದೆ. ಅಮೆರಿಕದಲ್ಲಿ ಬೇರೆ ವಿಷಯ ಓದಿದವರಿಗಾಗಿಯೇ ಮಾಡಿದ ಕೋರ್ಸ್‌ಗಳಿವೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಎಂಸಿಐಟಿ, ನಾರ್ತ್‌ಈಸ್ಟರ್ನ್‌ನ ಅಲೈನ್ ಅಂಥವು. ಒಳ್ಳೆಯ ಕೋರ್ಸ್‌ಗಳೇ. ಆದರೆ ಅಷ್ಟು ಸಾಲ ಮಾಡುವ ಧೈರ್ಯ ನಮ್ಮ ಮನೆಯಲ್ಲಿ ಇರಲಿಲ್ಲ. ಜರ್ಮನಿಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳ ಫೀಸು ಕಡಿಮೆ. ಆದರೆ ಅಲ್ಲಿ ಬಹಳಷ್ಟು ಕಡೆ ಪದವಿಯಲ್ಲಿ ಕಂಪ್ಯೂಟರ್ ವಿಷಯದ ಕ್ರೆಡಿಟ್ ಎಷ್ಟಿದೆ ಎಂದು ಎಣಿಸಿ ನೋಡುತ್ತಾರೆ. ಸಿವಿಲ್ ಅಂಕಪಟ್ಟಿ ಆ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಬಿ.ಎಸ್ಸಿ., ಬಿ.ಕಾಂ. ಮಾಡಿದವರಿಗೆ ನಮ್ಮಲ್ಲಿ ಪಿಜಿಸಿಇಟಿ ಎಂಬ ರಾಜ್ಯದ ಪ್ರವೇಶ ಪರೀಕ್ಷೆ ಬರೆದು ಎಂಸಿಎ ಸೇರುವ ದಾರಿ ಇದೆ. ಗಣಿತ ಓದಿದ್ದರೆ ಸಾಕು, ಬಿಟ್ಟುಹೋದದ್ದನ್ನು ಬ್ರಿಡ್ಜ್ ಕೋರ್ಸಿನಲ್ಲಿ ತುಂಬಿಸಿಕೊಳ್ಳಬಹುದು. ನಾನು ಬಿ.ಇ. ಮಾಡಿದ್ದರಿಂದ ಗೇಟ್ ಹಿಡಿದೆ, ಅಂದರೆ ಐಐಟಿಯಂಥ ಕಡೆ ಎಂ.ಟೆಕ್, ಎಂ.ಎಸ್. ಸೇರಲು ಬರೆಯುವ ಅಖಿಲ ಭಾರತ ಪರೀಕ್ಷೆ. ಗೇಟ್‌ನಲ್ಲಿ ನಿಮ್ಮ ಶಾಖೆಯ ಪೇಪರನ್ನೇ ಬರೆಯಬೇಕೆಂಬ ನಿಯಮ ಇಲ್ಲ. ಸಿವಿಲ್ ಓದಿದವಳು ಸಿಎಸ್ ಪೇಪರ್ ಬರೆಯಬಹುದು. 2024ರಿಂದ ಡೇಟಾ ಸೈನ್ಸ್ ಮತ್ತು ಎಐಗೆ ಬೇರೆ ಪೇಪರೂ ಇದೆ. ಆದರೆ ಯಾವ ಪದವಿಯವರನ್ನು ತೆಗೆದುಕೊಳ್ಳುತ್ತಾರೆ ಎನ್ನುವುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಅರ್ಜಿ ಶುಲ್ಕ ಕಟ್ಟುವ ಮೊದಲು ಬ್ರೋಷರಿನ ಅರ್ಹತೆಯ ಸಾಲನ್ನು ಎರಡು ಸಲ ಓದಿ.

ಮೊದಲ ಸಲ ನನಗೆ ನೂರಕ್ಕೆ 24 ಬಂತು. ಕಟಾಫ್ ಕೂಡ ದಾಟಲಿಲ್ಲ.

ಕಾರಣ ನನಗೆ ಚೆನ್ನಾಗಿ ಗೊತ್ತು. ಕಂಪ್ಯೂಟರ್ ಸೈನ್ಸ್ ಅಂದರೆ ಕೋಡಿಂಗ್ ಎಂದುಕೊಂಡಿದ್ದೆ. ಎಂಟು ತಿಂಗಳು ಸಿ ಮತ್ತು ಪೈಥಾನ್ ತಿದ್ದಿದೆ. ಉಳಿದ ವಿಷಯಗಳಿಗೆ ರಾತ್ರಿ ಊಟ ಮಾಡುತ್ತಾ ವಿಡಿಯೋ ನೋಡಿದೆ. ನೋಡುವಾಗ ಎಲ್ಲ ಅರ್ಥವಾದಂತೆ ಇರುತ್ತದೆ. ಪ್ರಶ್ನೆ ಎದುರಿಗೆ ಬಂದಾಗ ಕೈ ಓಡುವುದಿಲ್ಲ. ಪರೀಕ್ಷೆಯಲ್ಲಿ ಕೇಳಿದ್ದು ಗ್ರಾಫ್, ಲಾಜಿಕ್, ಆಟೊಮ್ಯಾಟಾ, ಕ್ಯಾಶ್ ಮೆಮೊರಿ, ಪೇಜ್ ಟೇಬಲ್. ಕೋಡ್ ಓದಿ ಉತ್ತರ ಹೇಳುವ ಪ್ರಶ್ನೆಗಳು ಇದ್ದವು, ಆದರೆ ಅಷ್ಟರಿಂದಲೇ ದಡ ಸೇರಲು ಆಗುವುದಿಲ್ಲ.

ಎರಡನೇ ಸಲ ಕ್ರಮ ಬದಲಾಯಿಸಿದೆ. ಬೆಳಿಗ್ಗೆ ಐದರಿಂದ ಏಳು, ಭಾನುವಾರ ಪೂರ್ತಿ. ಕೊನೆಯ ನಾಲ್ಕು ತಿಂಗಳು ಕೆಲಸ ಬಿಟ್ಟು ಊರಿಗೆ ಹೋಗಿ ಕೂತೆ. ಕೂಡಿಟ್ಟ ದುಡ್ಡು ಅಷ್ಟಕ್ಕೆ ಸರಿಹೋಯಿತು. ‘ಮನೇಲಿ ಊಟಕ್ಕೆ ಕೊರತೆ ಇಲ್ಲ, ಓದ್ಕೋ’ ಎಂದರು ಅಪ್ಪ. ಮೊದಲು ಡಿಸ್ಕ್ರೀಟ್ ಗಣಿತ (ಲಾಜಿಕ್, ಎಣಿಕೆ, ಗ್ರಾಫ್ ಅಂಥವು), ಆಮೇಲೆ ಡೇಟಾ ಸ್ಟ್ರಕ್ಚರ್ ಮತ್ತು ಅಲ್ಗಾರಿದಮ್, ಆಮೇಲೆ ಆಪರೇಟಿಂಗ್ ಸಿಸ್ಟಮ್. ಈ ಮೂರು ಗಟ್ಟಿಯಾದರೆ ಡೇಟಾಬೇಸ್, ನೆಟ್‌ವರ್ಕ್ ಬೇಗ ಬರುತ್ತವೆ. ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ಆನ್‌ಲೈನ್ ಪಾಠಗಳಲ್ಲಿ ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್‌ನ ಮಾಧವನ್ ಮುಕುಂದ್ ಅವರ ಅಲ್ಗಾರಿದಮ್ ಪಾಠ ಕೇಳಿದೆ. ಪಾಠಕ್ಕೆ ದುಡ್ಡಿಲ್ಲ. ಈ ಸಲ ಒಂದು ಪಾಠ ಕೇಳಿದರೆ ಹತ್ತು ಪ್ರಶ್ನೆ ಬಿಡಿಸದೆ ಮುಂದೆ ಹೋಗಲಿಲ್ಲ.

ಗೇಟ್‌ನ ನೂರು ಅಂಕದಲ್ಲಿ 15 ಆಪ್ಟಿಟ್ಯೂಡ್, 13ರಷ್ಟು ಗಣಿತ. ಅಂದರೆ ಕಾಲು ಭಾಗಕ್ಕಿಂತ ಜಾಸ್ತಿ ಅಂಕದಲ್ಲಿ ಹೊರಗಿನಿಂದ ಬಂದವರು ಹಿಂದೆ ಬೀಳಬೇಕಾಗಿಯೇ ಇಲ್ಲ. ನಾವು ಸ್ಟ್ರಕ್ಚರಲ್ ಅನಾಲಿಸಿಸ್‌ನಲ್ಲಿ ಮ್ಯಾಟ್ರಿಕ್ಸ್ ಮಾಡಿರುತ್ತೇವೆ, ಹೈಡ್ರಾಲಜಿಯಲ್ಲಿ ಪ್ರಾಬಬಿಲಿಟಿ ಮಾಡಿರುತ್ತೇವೆ. ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್‌ನಲ್ಲಿ ಬರೆದ ಕ್ರಿಟಿಕಲ್ ಪಾತ್ ನೆನಪಿದೆಯಾ? ಯಾವ ಕೆಲಸ ಆದ ಮೇಲೆ ಯಾವುದು ಎಂದು ಬಾಣ ಹಾಕಿ ಅತಿ ಉದ್ದದ ದಾರಿ ಹುಡುಕುವುದು. ಅದು ಗ್ರಾಫ್ ಥಿಯರಿಯೇ, ಬಿಂದುಗಳು ಮತ್ತು ಅವನ್ನು ಸೇರಿಸುವ ಗೆರೆಗಳ ಗಣಿತ. ಕೆಲಸಗಳನ್ನು ಹೀಗೆ ಒಂದರ ನಂತರ ಒಂದು ಸಾಲಾಗಿ ಜೋಡಿಸುವ ಟೊಪೊಲಾಜಿಕಲ್ ಸಾರ್ಟ್ ಪಾಠ ಬಂದಾಗ ನನಗೆ ಹಳೇ ಗೆಳತಿ ಸಿಕ್ಕ ಹಾಗೆ ಆಯಿತು.

ನಿಜವಾಗಿ ಕಷ್ಟವಾಗಿದ್ದು ಬೇರೆ. ನಮಗೆ ಪ್ರೂಫ್ ಬರೆಯುವ ರೂಢಿ ಇಲ್ಲ. ಸಿವಿಲ್‌ನಲ್ಲಿ ಕೋಡ್ ಪುಸ್ತಕದ (ಕಟ್ಟಡ ನಿಯಮಗಳ ಪುಸ್ತಕದ) ಸೂತ್ರ ಹಾಕಿ, ಸೇಫ್ಟಿ ಫ್ಯಾಕ್ಟರ್ ಸೇರಿಸಿ ಮುಂದೆ ಹೋಗುತ್ತೇವೆ. ಕಟ್ಟಡ ನಿಲ್ಲುತ್ತದೆ, ಅದು ಸರಿಯೂ ಹೌದು. ಇಲ್ಲಿ ಮಾತ್ರ ‘ಯಾವಾಗಲೂ ಹೀಗೇನಾ? ಯಾಕೆ?’ ಎಂದು ಕೇಳುತ್ತಾರೆ. ಒಂದು ಭಾಷೆ, ಅಂದರೆ ಅಕ್ಷರದ ಸಾಲುಗಳ ಗುಂಪು, ರೆಗ್ಯುಲರ್ ಅಲ್ಲ (ಸೀಮಿತ ನೆನಪಿನ ಯಂತ್ರಕ್ಕೆ ಅದನ್ನು ಗುರುತಿಸಲು ಆಗದು) ಎಂದು ತೋರಿಸುವ ಪಂಪಿಂಗ್ ಲೆಮ್ಮಾ ಎಂಬುದೊಂದು ನನ್ನನ್ನು ಮೂರು ವಾರ ಕಾಡಿತು. ಇಂಗ್ಲಿಷ್‌ನಲ್ಲಿ ಎಷ್ಟು ಸಲ ಓದಿದರೂ ‘ಪ್ರತಿಯೊಂದಕ್ಕೂ’, ‘ಯಾವುದಾದರೂ ಒಂದು’ ಎಂಬುದು ಕಲಸಿಹೋಗುತ್ತಿತ್ತು. ಕೊನೆಗೆ ಅದನ್ನು ಕನ್ನಡದಲ್ಲಿ ಆಟದ ಹಾಗೆ ಬರೆದುಕೊಂಡೆ. ಎದುರಿನವನು ಒಂದು ಸಂಖ್ಯೆ ಹೇಳುತ್ತಾನೆ. ನಾನು ಆ ಭಾಷೆಗೆ ಸೇರಿದ, ಅದಕ್ಕಿಂತ ಉದ್ದದ ಒಂದು ಅಕ್ಷರದ ಸಾಲು ಕೊಡುತ್ತೇನೆ. ಅವನು ನಿಯಮ ಮೀರದೆ ತನಗೆ ಬೇಕಾದ ಹಾಗೆ ಮೂರು ತುಂಡು ಮಾಡುತ್ತಾನೆ. ನಾನು ನಡುವಿನ ತುಂಡನ್ನು ತೆಗೆದು ಅಥವಾ ಮತ್ತೆ ಮತ್ತೆ ಸೇರಿಸಿ ಸಾಲು ಭಾಷೆಯಿಂದ ಆಚೆ ಹೋಗುವ ಹಾಗೆ ಮಾಡಿ ತೋರಿಸಬೇಕು. ಅವನು ಯಾವ ಸಂಖ್ಯೆ ಹೇಳಿದರೂ, ಹೇಗೆ ತುಂಡು ಮಾಡಿದರೂ ನಾನು ಗೆದ್ದರೆ ಆ ಭಾಷೆ ರೆಗ್ಯುಲರ್ ಅಲ್ಲ. ಬರೆದು ಮುಗಿಸಿದ ದಿನವೇ ಅದು ತಲೆಗೆ ಹೋಯಿತು. ಅವತ್ತಿನಿಂದ ಕಷ್ಟದ ಪ್ರತಿ ಥಿಯರಮ್ಮನ್ನೂ ಮೊದಲು ಕನ್ನಡದಲ್ಲಿ ಬರೆಯುತ್ತೇನೆ. ಈಗಲೂ.

ಆ ಸಲ 58 ಅಂಕ ಬಂತು. ಇಲ್ಲಿ ಒಂದು ಎಚ್ಚರಿಕೆ. ಐಐಟಿಗಳ ಎಂ.ಟೆಕ್ ಸೀಟಿನ ಆಫರ್‌ಗಳು ಕೋಆಪ್ ಎಂಬ ಪೋರ್ಟಲ್‌ನಲ್ಲಿ ಬರುತ್ತವೆ. ಅಲ್ಲಿ ಹೆಸರು ನೋಂದಾಯಿಸಿದರೆ ಅರ್ಜಿ ಹಾಕಿದ ಹಾಗೆ ಆಗುವುದಿಲ್ಲ. ಒಂದೊಂದು ಸಂಸ್ಥೆಗೂ ಅದರದೇ ಪುಟದಲ್ಲಿ ಬೇರೆಯಾಗಿ ಅರ್ಜಿ ಹಾಕಬೇಕು. ನನ್ನ ಜೊತೆ ಓದಿದ ಗೆಳತಿಗೆ ಇದು ಗೊತ್ತಾಗುವ ಹೊತ್ತಿಗೆ ಕೊನೇ ದಿನಾಂಕಗಳು ಮುಗಿದಿದ್ದವು. ಗೇಟ್ ಅಂಕ ಮೂರು ವರ್ಷ ನಡೆಯುತ್ತದೆ, ಹಾಗಾಗಿ ಮರುವರ್ಷ ಅವಳು ಸೇರಿಕೊಂಡಳು. ಆದರೂ ಒಂದು ವರ್ಷ ಹೋಯಿತಲ್ಲ.

ಎಂ.ಟೆಕ್‌ಗೆ ಹೆಚ್ಚಿನ ಕಡೆ ಗೇಟ್ ಅಂಕವೇ ನಿರ್ಧಾರ. ಸಂಶೋಧನೆಯ ಎಂ.ಎಸ್.ಗೆ ಪರೀಕ್ಷೆ, ಸಂದರ್ಶನ ಇರುತ್ತದೆ. ಬೇರೆ ಶಾಖೆಯಿಂದ ಬರುವವರು ಸಂದರ್ಶನಕ್ಕೆ ಹೆದರಿ ಇದನ್ನು ಬಿಡುತ್ತಾರೆ. ಬಿಡಬೇಡಿ. ಅಂಕಪಟ್ಟಿಯಲ್ಲಿ ಇಲ್ಲದ್ದನ್ನು ತೋರಿಸಲು ನಮಗೆ ಸಿಗುವ ಜಾಗ ಅದೊಂದೇ.

ನನ್ನ ಮೊದಲ ಸಂದರ್ಶನ ಕೆಟ್ಟಿತು. ಸಂಸ್ಥೆಯ ಹೆಸರು ಬೇಡ, ತಪ್ಪು ನನ್ನದೇ. ಯಾಕೆ ಈ ಕಡೆ ಬಂದಿರಿ ಎಂದು ಕೇಳಿದರು. ‘ಎಐನಲ್ಲಿ ಆಸಕ್ತಿ ಸರ್’ ಎಂದೆ. ಎಲ್ಲರೂ ಅದನ್ನೇ ಹೇಳುತ್ತಾರೆ ಎಂದು ಕೇಳಿದ್ದೆ. ಮುಂದಿನ ಪ್ರಶ್ನೆ ಅಲ್ಲಿಂದಲೇ ಬಂತು. ಎರಡನೇ ಸಾಲಿಗೆ ನನ್ನ ಹತ್ತಿರ ಮಾತಿರಲಿಲ್ಲ. ಕಂಬಿಯ ವಿಷಯ ಬಾಯಿಗೇ ಬರಲಿಲ್ಲ. ಸೈಟಿನ ಮಾತು ಇವರಿಗೆ ಸಣ್ಣದಾಗಿ ಕಾಣುತ್ತದೆ ಎಂದುಕೊಂಡು ನಾನೇ ಅದನ್ನು ಮುಚ್ಚಿಟ್ಟಿದ್ದೆ.

ಚೆನ್ನೈಗೆ ಹೋದಾಗ ಮುಚ್ಚಿಡಲಿಲ್ಲ. ಲಿಖಿತ ಪರೀಕ್ಷೆ ಮುಗಿಸಿ ಸಂದರ್ಶನಕ್ಕೆ ಕಾಯುತ್ತಿದ್ದೆ. ರಸ್ತೆ ಪಕ್ಕದ ಮರದ ಕೆಳಗೆ ಜಿಂಕೆಗಳು ಸುಮ್ನೆ ಮೇಯುತ್ತಿದ್ದವು. ಒಳಗೆ ನಾಲ್ಕು ಜನ ಇದ್ದರು. ಅದೇ ಪ್ರಶ್ನೆ ಬಂತು. ಈ ಸಲ ಕಂಬಿಯ ಕಥೆ ಹೇಳಿದೆ. ಒಬ್ಬರು ಸೀಮೆಸುಣ್ಣ ಕೊಟ್ಟು ಬೋರ್ಡಿನ ಹತ್ತಿರ ಕಳಿಸಿದರು.

‘ದೊಡ್ಡದು ಮೊದಲು ಅಂತೀರಿ. ಅದು ಯಾವಾಗಲೂ ಅತಿ ಕಡಿಮೆ ಕಂಬಿಯಲ್ಲಿ ಮುಗಿಸುತ್ತದಾ?’

‘ಇಲ್ಲ ಸರ್.’

‘ಸೋಲುವ ಒಂದು ಉದಾಹರಣೆ ಕೊಡಿ.’

ಉದಾಹರಣೆ ನನ್ನ ಹತ್ತಿರ ಸಿದ್ಧವಾಗಿ ಇರಲಿಲ್ಲ. ಬೋರ್ಡಿನ ಮೇಲೆ ಎರಡು 12 ಮೀಟರ್ ಗೆರೆ ಎಳೆದೆ. ಉಳಿಕೆಯೇ ಇಲ್ಲದಂತೆ ಅವನ್ನು ತುಂಬಬೇಕು, ಆದರೆ ನನ್ನ ವಿಧಾನ ಅದನ್ನು ಕಾಣಬಾರದು. ಮೊದಲನೆಯದಕ್ಕೆ 6, 3, 3 ಹಾಕಿದೆ. ಎರಡನೆಯದಕ್ಕೆ 4, 4, 4. ಈಗ ದೊಡ್ಡದರಿಂದ ಜೋಡಿಸಿದರೆ 6, 4, 4, 4, 3, 3. ಆರರ ಜೊತೆ ಮೊದಲ ನಾಲ್ಕು ಹೋಗಿ ಕೂರುತ್ತದೆ, 2 ಮೀಟರ್ ವ್ಯರ್ಥ. ಎರಡನೇ ಕಂಬಿಯಲ್ಲಿ 4, 4, 3, ಇನ್ನೊಂದು ಮೀಟರ್ ವ್ಯರ್ಥ. ಕೊನೆಯ 3ಕ್ಕೆ ಮೂರನೇ ಕಂಬಿ ತೆಗೆಯಬೇಕು. ಎರಡರಲ್ಲಿ ಆಗುವ ಕೆಲಸಕ್ಕೆ ಮೂರು. ಇಷ್ಟು ಬರೆಯಲು ಐದಾರು ನಿಮಿಷ ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.

‘ಹಾಗಾದರೆ ಎಲ್ಲ ಜೋಡಣೆಗಳನ್ನೂ ಪ್ರಯತ್ನಿಸಿ ನೋಡಬಹುದಲ್ಲ?’ ತುಂಡು ಜಾಸ್ತಿಯಾದ ಹಾಗೆ ಜೋಡಣೆಗಳ ಸಂಖ್ಯೆ ಹೇಗೆ ಸ್ಫೋಟಿಸುತ್ತದೆ, ಇದು ಎನ್‌ಪಿ-ಹಾರ್ಡ್ (ಯಾವಾಗಲೂ ಅತ್ಯುತ್ತಮ ಉತ್ತರವನ್ನು ಬೇಗ ಕೊಡುವ ವಿಧಾನ ಯಾರಿಗೂ ಗೊತ್ತಿಲ್ಲದ ಪ್ರಶ್ನೆ) ಅಂದರೆ ಏನರ್ಥ ಎಂದು ನನಗೆ ಬಂದಷ್ಟು ಹೇಳಿದೆ. ಆಮೇಲೆ ಕೇಳಿದ್ದು ಇನ್ನೂ ಚೆನ್ನಾಗಿತ್ತು: ‘ಜಾಗ ಇರುವ ಮೊದಲ ಕಂಬಿಯನ್ನು ಹುಡುಕಲು ಪ್ರತಿ ಸಲ ಮೊದಲಿನಿಂದ ನೋಡುತ್ತಾ ಬರುತ್ತೀರಿ. ಇನ್ನೂ ಬೇಗ ಆಗುತ್ತದಾ?’ ಇದು ನನಗೆ ಹೊಳೆಯಲಿಲ್ಲ. ಗೊತ್ತಿಲ್ಲ ಎಂದೆ. ‘ಎರಡು ಕಂಬಿಗಳಲ್ಲಿ ಯಾವುದರಲ್ಲಿ ಉಳಿಕೆ ಜಾಸ್ತಿ ಎಂದು ಒಂದು ಕಡೆ ಬರೆದಿಟ್ಟರೆ?’ ಎಂದು ಎಳೆ ಕೊಟ್ಟರು. ಅಲ್ಲಿಂದ ಟ್ರೀ ಕಟ್ಟಿದೆ, ಅಂದರೆ ಕಂಬಿಗಳನ್ನು ಎರಡೆರಡಾಗಿ ಸೇರಿಸುತ್ತಾ ಮೇಲೆ ಹೋಗುವ ಮರದಂಥ ಜೋಡಣೆ. ಪ್ರತಿ ಗಂಟಿನಲ್ಲಿ ಕೆಳಗಿನ ಕಂಬಿಗಳ ಪೈಕಿ ಅತಿ ದೊಡ್ಡ ಉಳಿಕೆ. ಮೇಲಿನಿಂದ ಇಳಿಯುವಾಗ ಎಡಗಡೆ ಜಾಗ ಇದ್ದರೆ ಎಡಕ್ಕೆ, ಇಲ್ಲದಿದ್ದರೆ ಬಲಕ್ಕೆ. ಸಾವಿರ ಕಂಬಿ ಇದ್ದರೂ ಹತ್ತೇ ಹೆಜ್ಜೆ. ಕೈಯೆಲ್ಲ ಸೀಮೆಸುಣ್ಣ. ಅಲ್ಲಿ ನಿಂತು ಹೊಸದೊಂದು ಕಲಿತೆ ಎಂಬ ಖುಷಿಯಲ್ಲಿ ಸಂದರ್ಶನ ಎನ್ನುವುದೇ ಮರೆತಿತ್ತು.

ಮೂರು ವಾರದ ಮೇಲೆ ಆಫರ್ ಬಂತು. ಮೇಸ್ತ್ರಿಗೆ ಫೋನ್ ಮಾಡಿ ಆ ಆರು ಅಳತೆಗಳನ್ನು ಹೇಳಿದೆ. ಒಂದು ಕ್ಷಣ ತಡೆದು, ‘ನಾಲ್ಕರದ್ದು ಮೂರೂ ಸೇರಿಸಿ ಒಂದು ಕಂಬಿ ಮುಗಿಸಿಬಿಡ್ತೀನಿ ಮೇಡಂ, ಅದಕ್ಕೇನು’ ಎಂದರು. ಅವರು ಕಣ್ಣಲ್ಲಿ ನೋಡುವುದನ್ನು ಪ್ರೋಗ್ರಾಂ ಹೇಗೆ ನೋಡಬೇಕು ಎನ್ನುವುದೇ ನನ್ನ ಈಗಿನ ಓದಿನ ಪ್ರಶ್ನೆಗೆ ತುಂಬಾ ಹತ್ತಿರ.

ಸೇರಿದ ಮೇಲಿನ ಮಾತು ಸ್ವಲ್ಪ. ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಬರುತ್ತದೆ, ಹಾಸ್ಟೆಲ್ ಜೀವನಕ್ಕೆ ಸಾಕು. ಮನೆಗೆ ಕಳಿಸಲು ಆಗುವುದಿಲ್ಲ, ಅದನ್ನು ಮನೆಯಲ್ಲಿ ಮೊದಲೇ ಹೇಳಿಬಿಡಿ. ಮೊದಲ ಸೆಮಿಸ್ಟರ್‌ನಲ್ಲಿ ಕಂಪೈಲರ್ (ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಫ್ಟ್‌ವೇರ್) ವಿಷಯ ಗೊತ್ತಿಲ್ಲದೆ ಒದ್ದಾಡಿದೆ. ಗೇಟ್‌ಗೆ ಓದುವಾಗ ಅದನ್ನು ಹಾರಿಸಿದ್ದೆ. ನನ್ನ ಗೈಡ್ ಹೇಳಿದ ಮೇಲೆ ಬಿ.ಟೆಕ್ ಹುಡುಗರ ಜೊತೆ ಹಿಂದಿನ ಬೆಂಚಿನಲ್ಲಿ ಕೂತು ಆ ಪಾಠವನ್ನು ಪೂರ್ತಿ ಕೇಳಿದೆ. ಅವರಿಗಿಂತ ಐದಾರು ವರ್ಷ ದೊಡ್ಡವಳು ನಾನು. ಮೊದಲ ವಾರ ಮುಜುಗರ ಆಯಿತು, ಎರಡನೇ ವಾರದಿಂದ ಅವರ ಹತ್ತಿರವೇ ನೋಟ್ಸ್ ಕೇಳಿ ತೆಗೆದುಕೊಂಡೆ.