ಕ್ರಿಸ್‌ಮಸ್ ಸಂತೆಗೆ ಮೂರು ದಿನ: ಜರ್ಮನಿಯಲ್ಲಿ ಊರನ್ನು ಆರಿಸಿಕೊಳ್ಳುವುದು ಹೇಗೆ?

ಮಗನೋ ಮಗಳೋ ಜರ್ಮನಿಯಲ್ಲಿ ಓದುತ್ತಿರುವ ಅಥವಾ ಉದ್ಯೋಗದಲ್ಲಿರುವ ಕನ್ನಡದ ಮನೆಗಳು ಈಗ ಕಡಿಮೆಯೇನಿಲ್ಲ. ಡಿಸೆಂಬರಿನಲ್ಲಿ ಅವರನ್ನು ನೋಡಲು ಹೋದವರು ಮೂರು ದಿನ ಬಿಡುವು ಮಾಡಿಕೊಂಡು ಅಲ್ಲಿನ ಕ್ರಿಸ್‌ಮಸ್ ಸಂತೆ ನೋಡಿಬರಬೇಕೆಂದು ಹೊರಟಾಗ, ಯಾವ ಊರಿಗೆ ಹೋಗುವುದೆಂಬುದೇ ದೊಡ್ಡ ಪ್ರಶ್ನೆಯಾಗುತ್ತದೆ. ಸಂತೆ ನಡೆಯದ ಊರೇ ಅಲ್ಲಿ ಅಪರೂಪ. ಬಿಸಿ ವೈನ್, ಹುರಿದ ಬಾದಾಮಿ, ಉಣ್ಣೆಯ ಟೋಪಿಗಳು ಎಲ್ಲ ಊರಿನಲ್ಲೂ ಸಿಗುತ್ತವೆ. ಊರಿನಿಂದ ಊರಿಗೆ ಬೇರೆಯಾಗುವುದು ಆಯಾ ಊರಿನ ಕೈಕೆಲಸ ಮತ್ತು ಸಿಹಿತಿಂಡಿ. ಆದ್ದರಿಂದ ಹೆಸರು ಕೇಳಿ ಊರನ್ನು ಆರಿಸುವ ಬದಲು, ಅಲ್ಲಿ ಮಾತ್ರ ನೋಡಸಿಗುವುದು ಏನು ಎಂಬುದನ್ನು ತಿಳಿದು ಆರಿಸುವುದು ಒಳ್ಳೆಯದು.

ಮೊದಲು ದಿನಾಂಕವನ್ನು ಗೊತ್ತುಮಾಡಿಕೊಳ್ಳಿ. ನಮ್ಮಲ್ಲಿ ಕ್ರಿಸ್‌ಮಸ್ ಎಂದರೆ ಡಿಸೆಂಬರ್ 25 ಎಂಬ ಎಣಿಕೆಯಿರುವುದರಿಂದ ಅನೇಕರು ಆ ವಾರಕ್ಕೇ ಟಿಕೆಟ್ ಮಾಡಿಸುತ್ತಾರೆ. ಆದರೆ ಈ ಸಂತೆಗಳು ಸೇರುವುದು ಹಬ್ಬಕ್ಕಾಗಿ ಕಾಯುವ ದಿನಗಳಲ್ಲಿ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಅಡ್ವೆಂಟ್ ಕಾಲದಲ್ಲಿ. ಮೊದಲ ಅಡ್ವೆಂಟ್ ಭಾನುವಾರ ಪ್ರತಿವರ್ಷ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬರುತ್ತದೆ. 2026ರಲ್ಲಿ ಅದು ನವೆಂಬರ್ 29. ಅದರ ಹಿಂದಿನ ಭಾನುವಾರ ಮೃತರನ್ನು ನೆನೆಯುವ ದಿನವಾದ್ದರಿಂದ, ಅದು ಕಳೆದ ಮೇಲೆಯೇ ಬಹಳಷ್ಟು ಊರುಗಳಲ್ಲಿ ಸಂತೆ ತೆರೆಯುತ್ತದೆ. ಮುಚ್ಚುವುದು 22ರಿಂದ 24ರ ನಡುವೆ, 24ರಂದು ತೆರೆದಿದ್ದರೂ ಮಧ್ಯಾಹ್ನದವರೆಗೆ ಮಾತ್ರ. 25, 26 ಸಾರ್ವತ್ರಿಕ ರಜೆಯಾಗಿರುವುದರಿಂದ ಆ ದಿನಗಳಲ್ಲಿ ಹೋದವರಿಗೆ ಅಂಗಡಿಗಳೂ ತೆರೆದಿರುವುದಿಲ್ಲ. ನನ್ನ ಸಲಹೆ ಡಿಸೆಂಬರಿನ ಮೊದಲ ಎರಡು ವಾರಗಳಲ್ಲಿ ಸೋಮವಾರದಿಂದ ಗುರುವಾರದೊಳಗಿನ ದಿನಗಳು. ಶನಿವಾರ ಸಂಜೆ ದೊಡ್ಡ ಊರುಗಳ ಸಂತೆಯಲ್ಲಿ ಕಾಲಿಡಲೂ ಜಾಗವಿರುವುದಿಲ್ಲ, ಹೋಟೆಲ್ ಬಾಡಿಗೆಯೂ ಏರಿರುತ್ತದೆ.

ಎರಡನೆಯದಾಗಿ, ಒಂದೇ ಊರಿನಲ್ಲಿ ತಂಗುವುದೆಂದು ನಿರ್ಧರಿಸಿ. ಸಂತೆಗೆ ಕಳೆ ಬರುವುದೇ ಕತ್ತಲಾದ ಮೇಲೆ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕು, ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ ಮತ್ತು ರಾತ್ರಿ ಒಂಬತ್ತರ ಹೊತ್ತಿಗೆ ಬಹುತೇಕ ಮಳಿಗೆಗಳು ಬಾಗಿಲು ಹಾಕುತ್ತವೆ. ಮೂರು ದಿನವೆಂದರೆ ಕೈಗೆ ಸಿಗುವುದು ಎರಡೋ ಮೂರೋ ಸಂಜೆಗಳು. ಅವುಗಳಲ್ಲಿ ಒಂದನ್ನು ರೈಲಿನಲ್ಲಿ ಕಳೆದರೂ ನಷ್ಟವೇ.

ಇನ್ನು ಊರುಗಳ ಮಾತು. ಮೊದಲ ಬಾರಿ ಹೋಗುವವರಿಗೆ ನಾನು ಹೇಳುವ ಹೆಸರು ನ್ಯೂರೆಂಬರ್ಗ್. ಇಲ್ಲಿನ ಮುಖ್ಯ ಚೌಕದಲ್ಲಿ ಕೆಂಪು ಬಿಳಿ ಪಟ್ಟೆಯ ಬಟ್ಟೆ ಹೊದಿಸಿದ ಮರದ ಮಳಿಗೆಗಳು ಸಾಲುಗಟ್ಟಿ ನಿಲ್ಲುತ್ತವೆ. ಮೊದಲ ಅಡ್ವೆಂಟ್‌ನ ಹಿಂದಿನ ಶುಕ್ರವಾರ ಸಂಜೆ, ಹೊಂಗೂದಲಿನ ಮೇಲೆ ಕಿರೀಟ ತೊಟ್ಟ ‘ಕ್ರಿಸ್ಟ್‌ಕಿಂಡ್’ ಎಂಬ ಪಾತ್ರದ ಯುವತಿ ಫ್ರೌವೆನ್‌ಕಿರ್ಕೆ ಚರ್ಚಿನ ಮೊಗಸಾಲೆಯ ಮೇಲೆ ನಿಂತು ಪದ್ಯರೂಪದ ಮಾತುಗಳಿಂದ ಸಂತೆಯನ್ನು ಉದ್ಘಾಟಿಸುತ್ತಾಳೆ. ಅದೇ ಚರ್ಚಿನ ಗಡಿಯಾರದಲ್ಲಿ ಪ್ರತಿದಿನ ಮಧ್ಯಾಹ್ನ ಹನ್ನೆರಡಕ್ಕೆ ಚಕ್ರವರ್ತಿಯನ್ನು ಆರಿಸುತ್ತಿದ್ದ ಏಳು ಮಂದಿ ಪ್ರಭುಗಳ ಗೊಂಬೆಗಳು ಅವನ ಸುತ್ತ ಪ್ರದಕ್ಷಿಣೆ ಬರುತ್ತವೆ. ಆದರೆ ನ್ಯೂರೆಂಬರ್ಗಿನಲ್ಲಿ ನಿಂತು ನೋಡಲೇಬೇಕಾದದ್ದು ಅಂಗೈಯಗಲದ ಒಂದು ಗೊಂಬೆ. ತಂತಿಯ ಹಂದರಕ್ಕೆ ಒಣಗಿಸಿದ ಪ್ಲಮ್ ಹಣ್ಣುಗಳನ್ನು ಪೋಣಿಸಿ ಕೈಕಾಲು, ಅಕ್ರೋಟಿನ ಕಾಯಿಯಿಂದ ತಲೆ ಮಾಡಿ, ಆ ಚಿಪ್ಪಿನ ಮೇಲೆಯೇ ಕಣ್ಣು ಬಾಯಿ ಬರೆದು, ಮೇಲೆ ಪುಟ್ಟ ಅಂಗಿ ತೊಡಿಸಿರುತ್ತಾರೆ. ಅಕ್ರೋಟಿನ ಸುಕ್ಕುಗಳೇ ಮುದುಕರ ಮುಖದ ಗೆರೆಗಳಾಗಿಬಿಡುವುದನ್ನು ಹತ್ತಿರದಿಂದ ನೋಡಬೇಕು. ಈ ಊರಿನ ತಿನಿಸು ಲೆಬ್‌ಕುಖೆನ್ ಎಂಬ ಮಸಾಲೆ ಬಿಸ್ಕತ್ತು. ಅದರಲ್ಲಿ ಮೇಲ್ತರದ ‘ಎಲೀಸೆನ್’ ಬಗೆಯಲ್ಲಿ ಕನಿಷ್ಠ ಕಾಲುಭಾಗ ಬಾದಾಮಿ, ಹೇಜಲ್‌ನಟ್ ಅಥವಾ ಅಕ್ರೋಟು ಇರಲೇಬೇಕು. ಹಿಟ್ಟು ಶೇಕಡ 10ನ್ನು ಮೀರುವಂತಿಲ್ಲ.

ಕೈಕೆಲಸದಲ್ಲಿ ಆಸಕ್ತಿಯುಳ್ಳವರಿಗೆ ಮಾತ್ರ ನಾನು ನ್ಯೂರೆಂಬರ್ಗಿಗಿಂತ ಮೊದಲು ಡ್ರೆಸ್ಡೆನ್ ಹೆಸರನ್ನು ಹೇಳುತ್ತೇನೆ. ಇಲ್ಲಿನ ಸ್ಟ್ರೀಟ್ಸೆಲ್ ಸಂತೆಯ ಚರಿತ್ರೆ 1434ಕ್ಕೆ ಹೋಗುತ್ತದೆ. ದಕ್ಷಿಣಕ್ಕಿರುವ ಎರ್ತ್ಸ್‌ಗೆಬಿರ್ಗೆ ಬೆಟ್ಟಸೀಮೆಯಲ್ಲಿ ಗಣಿಗಾರಿಕೆ ಕುಗ್ಗಿದಂತೆ ಅಲ್ಲಿನ ಗಣಿಕಾರ್ಮಿಕರ ಮನೆಗಳು ಮರದ ಕೆತ್ತನೆಯತ್ತ ತಿರುಗಿದವು. ಕಿಟಕಿಯಲ್ಲಿಡುವ ದೀಪದ ಕಮಾನುಗಳು, ಬಾಯಿಂದ ಹೊಗೆಯಾಡುವ ಧೂಪದ ಗೊಂಬೆಗಳು, ಮೇಣದಬತ್ತಿಯ ಶಾಖ ಮೇಲೇರಿ ರೆಕ್ಕೆಗಳನ್ನು ತಿರುಗಿಸಿದಾಗ ತಾವೂ ಸುತ್ತುವ, ಗೋದಲಿಯ (ಯೇಸುವಿನ ಹುಟ್ಟಿನ ದೃಶ್ಯದ) ಗೊಂಬೆಗಳಿರುವ ಗೋಪುರಗಳು ಆ ಸೀಮೆಯವು. ಸಂತೆಯ ನಡುವೆ ಇಂಥದೇ ಒಂದು ಗೋಪುರ ಸುಮಾರು 14 ಮೀಟರ್ ಎತ್ತರಕ್ಕೆ ನಿಂತಿರುತ್ತದೆ. ಸಂತೆಗೆ ಹೆಸರು ಕೊಟ್ಟದ್ದು, ಹಿಂದೆ ಸ್ಟ್ರೀಟ್ಸೆಲ್ ಎನ್ನುತ್ತಿದ್ದ, ಈಗ ಸ್ಟೊಲೆನ್ ಎಂಬ ಒಣದ್ರಾಕ್ಷಿ, ಬಾದಾಮಿ ತುಂಬಿದ ಉದ್ದನೆಯ ಬ್ರೆಡ್ಡು. ಉಪವಾಸದ ಕಾಲದಲ್ಲಿ ಬೆಣ್ಣೆ ನಿಷಿದ್ಧವಾಗಿದ್ದು, ಎಣ್ಣೆಯಲ್ಲಿ ಮಾಡಿದ್ದು ರುಚಿಸದೆ ಇಲ್ಲಿನವರು ಮೊರೆಯಿಟ್ಟ ಮೇಲೆ, 1491ರಲ್ಲಿ ಪೋಪ್ ಎಂಟನೆಯ ಇನ್ನೊಸೆಂಟ್ ಬೆಣ್ಣೆ ಬಳಸಲು ಅನುಮತಿ ಕೊಟ್ಟರು. ಎರಡನೆಯ ಅಡ್ವೆಂಟ್‌ನ ಹಿಂದಿನ ದಿನ, ಶನಿವಾರ, ಟನ್‌ಗಟ್ಟಲೆ ತೂಕದ ಸ್ಟೊಲೆನ್ ಅನ್ನು ಮೆರವಣಿಗೆಯಲ್ಲಿ ತಂದು ಕತ್ತರಿಸುತ್ತಾರೆ. ವಾರಾಂತ್ಯ ಬೇಡವೆಂದ ನನ್ನ ಮಾತಿಗೆ ಈ ಒಂದು ಶನಿವಾರ ಅಪವಾದ.

ಹಿರಿಯರು ಜೊತೆಗಿದ್ದರೆ, ಹೆಚ್ಚು ನಡೆಯಲಾಗದಿದ್ದರೆ ಕಲೋನ್ ಅನುಕೂಲ. ರೈಲು ನಿಲ್ದಾಣದ ಬಾಗಿಲು ದಾಟಿದರೆ ಎದುರಿಗೇ 157 ಮೀಟರ್ ಎತ್ತರದ ಕ್ಯಾಥೆಡ್ರಲ್, ಅದರ ಮಗ್ಗುಲಿಗೇ ಸಂತೆ. ಹಳೆಯ ಪೇಟೆಯ ಇನ್ನೊಂದು ಸಂತೆಗೂ ಅಲ್ಲಿಂದ ಕೆಲವೇ ನಿಮಿಷಗಳ ನಡಿಗೆ. ರೈನ್ ನದಿಯ ಕಣಿವೆಯಾದ್ದರಿಂದ ಚಳಿಯೂ ಡ್ರೆಸ್ಡೆನ್‌ನಷ್ಟು ಕಟುವಾಗಿರುವುದಿಲ್ಲ. ಫ್ರಾಂಕ್‌ಫರ್ಟ್ ಮತ್ತು ಮ್ಯೂನಿಕ್ ಬೆಂಗಳೂರಿನಿಂದ ಬರುವವರು ವಿಮಾನ ಇಳಿಯುವ ಊರುಗಳು. ಅಲ್ಲಿನ ಸಂತೆಗಳನ್ನು ಹಿಂದಿರುಗುವ ಮುನ್ನಾದಿನದ ಸಂಜೆಗೆ ಇಟ್ಟುಕೊಂಡರೆ ಸಾಕು.

ಸಸ್ಯಾಹಾರಿಗಳು ಊಟದ ಚಿಂತೆಯಿಂದ ಊರನ್ನು ಬದಲಿಸಬೇಕಾಗಿಲ್ಲ. ತುರಿದ ಆಲೂಗಡ್ಡೆಯನ್ನು ತಟ್ಟಿ ಎಣ್ಣೆಯಲ್ಲಿ ಕರಿದು ಸೇಬಿನ ಗೊಜ್ಜಿನೊಡನೆ ಕೊಡುವ ರೈಬೆಕುಖೆನ್, ಬಾಣಲೆಯಲ್ಲಿ ಹುರಿದ ಅಣಬೆ, ಸುಟ್ಟ ಚೆಸ್ಟ್‌ನಟ್ ಹಲವೆಡೆ ದೊರೆಯುತ್ತವೆ. ಆದರೆ ರೈಬೆಕುಖೆನ್‌ಗೂ ಲೆಬ್‌ಕುಖೆನ್‌ಗೂ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ, ಸ್ಟೊಲೆನ್‌ನ ಒಣದ್ರಾಕ್ಷಿಯನ್ನು ರಮ್‌ನಲ್ಲಿ ನೆನೆಸಿರುತ್ತಾರೆ. ಬೇಡದವರು ಮೊದಲೇ ಕೇಳಿಕೊಳ್ಳಬೇಕು. ಮದ್ಯ ಮುಟ್ಟದವರು ‘ಕಿಂಡರ್‌ಪುನ್ಶ್’ ಎಂದು ಕೇಳಿದರೆ ಹಣ್ಣಿನ ರಸದ ಬಿಸಿ ಪಾನೀಯ ಸಿಗುತ್ತದೆ. ಪಿಂಗಾಣಿ ಕಪ್ಪಿಗೆ ಕೆಲವು ಯೂರೊ ಠೇವಣಿ ಕೊಡಬೇಕು, ಕಪ್ಪು ಹಿಂದಿರುಗಿಸಿದಾಗ ಆ ಹಣ ಮರಳಿ ಬರುತ್ತದೆ. ಹಲವು ಮಳಿಗೆಗಳಲ್ಲಿ ಕಾರ್ಡು ನಡೆಯದ ಕಾರಣ ಚಿಲ್ಲರೆ ಜೇಬಿನಲ್ಲಿರಲಿ.

ಊರು ಗೊತ್ತಾದ ಮೇಲೆ, ಒಂದು ಹಗಲಿಗೆ ಹೋಗಿಬರಲು ಪಕ್ಕದ ಸಣ್ಣ ಊರೊಂದನ್ನು ಆರಿಸಿ. ನ್ಯೂರೆಂಬರ್ಗಿನಿಂದ ಮುಕ್ಕಾಲು ಗಂಟೆಯ ಬಾಂಬರ್ಗ್, ಊರೆಲ್ಲ ಗೋದಲಿಗಳನ್ನು ಜೋಡಿಸಿಡುವ ಊರು. ಬವೇರಿಯಾ ರಾಜ್ಯದ ದಿನದ ಟಿಕೆಟ್ ಕೊಂಡರೆ ಐದು ಜನರವರೆಗೆ ಒಟ್ಟಿಗೆ ಪ್ರಯಾಣಿಸಬಹುದು; ವಾರದ ದಿನಗಳಲ್ಲಿ ಅದು ಬೆಳಿಗ್ಗೆ 9ರ ನಂತರ, ಸ್ಥಳೀಯ ರೈಲುಗಳಲ್ಲಿ ಮಾತ್ರ ನಡೆಯುತ್ತದೆ. ಡ್ರೆಸ್ಡೆನ್‌ನಿಂದ ಮೈಸೆನ್, ಕಲೋನ್‌ನಿಂದ ಆಖೆನ್ ಇದೇ ರೀತಿ ಹೋಗಿಬರಬಹುದಾದ ಊರುಗಳು.

ಕೊನೆಯದಾಗಿ ಕಾಯ್ದಿರಿಸುವ ಕ್ರಮ. ಭಾರತದಿಂದ ಹೋಗುವವರು, ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಶೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಮೊದಲು ಹೋಟೆಲನ್ನು, ರದ್ದುಮಾಡಲು ಅವಕಾಶವಿರುವ ದರದಲ್ಲಿ, ಸಂತೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಹಿಡಿಯಿರಿ. ಕೈಕಾಲು ಮರಗಟ್ಟಿದಾಗ ಅರ್ಧ ಗಂಟೆ ಕೋಣೆಗೆ ಹೋಗಿ ಬೆಚ್ಚಗಾಗಿ ಮತ್ತೆ ಬರುವ ಅನುಕೂಲ ಆ ಚಳಿಯಲ್ಲಿ ಬಹಳ ದೊಡ್ಡದು. ವೇಗದ ರೈಲಿನ ಅಗ್ಗದ ಟಿಕೆಟ್‌ಗಳನ್ನು ಸಾಮಾನ್ಯವಾಗಿ ಆ ನಿರ್ದಿಷ್ಟ ರೈಲಿಗೆ ಮಾತ್ರ ಬಳಸಬಹುದಾದ್ದರಿಂದ, ಅವನ್ನು ವೀಸಾ ಕೈಗೆ ಬಂದ ದಿನವೇ ಕೊಳ್ಳಿ, ಅದಕ್ಕಿಂತ ಮೊದಲು ಬೇಡ.