ಹೊಸ ಹೊಲಿಗೆ ಮೆಷಿನ್‌ಗೆ ಎಣ್ಣೆ ಬಿಡೋದು: ಒಂದೇ ಜಾಗ, ಎರಡೇ ಹನಿ

ಹೋದ ಡಿಸೆಂಬರಲ್ಲಿ ಪಕ್ಕದ್ಮನೆ ಹುಡುಗಿ "ಅಕ್ಕಾ, ಮೆಷಿನ್ ಚಕ್ರ ತುಂಬಾ ಬಿಗಿಯಾಗ್ಬಿಟ್ಟಿದೆ, ಸ್ವಲ್ಪ ನೋಡ್ತೀರಾ" ಅಂತ ಬಂದ್ಲು. ಬಿಳಿ ಬಾಡಿಯ ಜಿಗ್‌ಜ್ಯಾಗ್ ಮೆಷಿನ್, ತಗೊಂಡು ಎರಡು ವರ್ಷಾನೂ ಆಗಿಲ್ಲ. ಸೂಜಿ ಪ್ಲೇಟ್ ಬಿಚ್ಚಿದ್ರೆ ಒಳಗೆಲ್ಲಾ ಬೆಳ್ಳಗೆ ಬೆಣ್ಣೆ ಮೆತ್ತಿದ ಹಾಗಿತ್ತು, ಮೂಸಿದ್ರೆ ಕೊಬ್ಬರಿ ಎಣ್ಣೆ! ಅದು 24 ಡಿಗ್ರಿಗಿಂತ ಕೆಳಗೆ ಹೋದ್ರೆ ಹೆಪ್ಪುಗಟ್ಟುತ್ತೆ, ಮಲೆನಾಡಿನ ಚಳೀಲಿ ಬಚ್ಚಲುಮನೆ ಬಾಟ್ಲಿಯೊಳಗೆ ಏನಾಗುತ್ತೋ ಅದೇ ಮೆಷಿನ್ ಒಳಗೂ ಆಗಿತ್ತು.

ಇದು ಅವಳ ತಪ್ಪು ಅಂತ ನಾನು ಹೇಳಲ್ಲ. ನಮ್ಮಮ್ಮಂದಿರ ಕಾಲದ ಕರಿ ಕಬ್ಬಿಣದ ಮೆಷಿನ್‌ಗೆ ಮೈಯೆಲ್ಲಾ ಎಣ್ಣೆ ತೂತು ಇರ್ತಿತ್ತು, ವಾರಕ್ಕೊಮ್ಮೆ ಎಲ್ಲಾ ತೂತಿಗೂ ಬಿಡ್ತಿದ್ರು, ಅದನ್ನೇ ನೋಡ್ಕೊಂಡು ಬೆಳೆದಿದೀವಿ. ಈಗಿನ ಮೆಷಿನಲ್ಲಿ ಒಳಗೆ ಪ್ಲಾಸ್ಟಿಕ್ ಗೇರು, ಬೆಲ್ಟು ಇರುತ್ತೆ, ಬಹಳಷ್ಟು ಕಡೆ ಕಂಪನಿಯಲ್ಲೇ ಗ್ರೀಸ್ ಹಾಕಿ ಕಳಿಸಿರ್ತಾರೆ. ಕಂಡ ಸಂದಿಗೆಲ್ಲಾ ಎಣ್ಣೆ ಬಿಟ್ರೆ ಅದು ಬೆಲ್ಟಿಗೆ ಹತ್ತಿ ಜಾರುತ್ತೆ, ಇಲ್ಲಾ ಬಟ್ಟೆಯಿಂದ ಉದುರೋ ಜುಂಗಿನ ಜೊತೆ ಸೇರಿ ಅಂಟಂಟಾಗುತ್ತೆ. ಹೊಸ ಮೆಷಿನ್‌ಗೆ ಮೊದಲು ಬೇಕಿರೋದು ಬ್ರಶ್ಶು, ಎಣ್ಣೆ ಆಮೇಲೆ.

ಎಣ್ಣೆ ಅಂದ್ರೆ ನೀರಿನ ಹಾಗೆ ತೆಳ್ಳಗಿರೋ ಬಿಳಿ ಮೆಷಿನ್ ಎಣ್ಣೆ ಮಾತ್ರ. ಅಡುಗೆ ಎಣ್ಣೆ, ಹರಳೆಣ್ಣೆ, ಗಾಡಿ ಎಣ್ಣೆ ಯಾವುದೂ ಬೇಡ. ತುಕ್ಕು ಬಿಡಿಸೋ ಸ್ಪ್ರೇ ಹೊಡೆದ್ರೆ ಒಂದು ದಿನ ಸಲೀಸಾಗಿ ಓಡಿದ ಹಾಗೆ ಕಾಣುತ್ತೆ, ಆದ್ರೆ ಅದು ಇರೋ ಎಣ್ಣೇನೂ ತೊಳೆದು ಹಾಕುತ್ತೆ, ಕೈಗೇ ತಗೋಬೇಡಿ. ಎಣ್ಣೆ ಹಳದಿಗೆ ತಿರುಗಿದ್ರೆ ಎಸೆದು ಹೊಸದು ತಗೊಳ್ಳಿ.

ಮೊದಲು ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತಿಡಿ. ಸೂಜಿ, ಫುಟ್ಟು (ಬಟ್ಟೆ ಒತ್ತಿ ಹಿಡಿಯೋ ಪಾದ), ಬಾಬಿನ್ (ಕೆಳಗಿನ ದಾರ ಸುತ್ತಿರೋ ಉರುಳೆ) ತೆಗೀರಿ, ಸೂಜಿ ಪ್ಲೇಟಿನ ಸ್ಕ್ರೂ ಬಿಚ್ಚಿ. ಬಟ್ಟೆ ಮುಂದಕ್ಕೆ ತಳ್ಳೋ ಹಲ್ಲು ಇದೆಯಲ್ಲ, ಅದರ ಸಂದೀಲಿ ಜುಂಗು ಒತ್ತಿ ಒತ್ತಿ ಕಂಬಳಿ ಥರ ಗಟ್ಟಿಯಾಗಿರುತ್ತೆ, ಬ್ರಶ್ಶಿಗೆ ಬರದಿದ್ರೆ ಹಳೇ ಸೂಜಿ ಮೊನೆಯಿಂದ ಎಬ್ಬಿಸಿ ತೆಗೀರಿ. ಬಾಯಿಂದ ಊದಬೇಡಿ, ಉಸಿರಿನ ತೇವಾನೂ ಹೋಗುತ್ತೆ, ಜುಂಗೂ ಇನ್ನೂ ಒಳಗೆ ಸೇರ್ಕೊಳುತ್ತೆ.

ಈಗ ಶಟಲ್, ಅಂದ್ರೆ ಮೇಲಿನ ದಾರಾನ ಹಿಡಿದು ಬಾಬಿನ್ ಸುತ್ತ ಬಳಸೋ ಭಾಗ. ಎಲ್ಲರೂ ಹೆದರೋದು ಇಲ್ಲೇ, ಬಿಚ್ಚಿದ್ರೆ ವಾಪಸ್ ಕೂರಲ್ಲ ಅಂತ. ನಾನು ಹೇಳ್ತಿರೋದು ಬಾಬಿನ್ ಕೇಸ್ ಮುಂದಿನಿಂದ ಹಾಕೋ ಮೆಷಿನ್ನಿಂದು. ಚಕ್ರಾನ ನಿಮ್ಮ ಕಡೆಗೇ ತಿರುಗಿಸಿ (ಯಾವಾಗ್ಲೂ ನಿಮ್ಮ ಕಡೆಗೇ) ಸೂಜಿ ಹಿಡಿಯೋ ಕಂಬಿ ಪೂರ್ತಿ ಮೇಲಕ್ಕೆ ತನ್ನಿ. ಬಾಬಿನ್ ಕೇಸ್ ತೆಗೆದ ಮೇಲೆ ಎರಡೂ ಕಡೆ ಎರಡು ಪುಟ್ಟ ಲಿವರ್ ಕಾಣುತ್ತೆ, ಎರಡನ್ನೂ ಹೊರಕ್ಕೆ ಸರಿಸಿ, ಉಂಗುರದಂಥ ಮುಚ್ಚಳ ಬರುತ್ತೆ, ಅದರ ಹಿಂದೆ ನಡುವೆ ಕಡ್ಡಿ ಇರೋ ಶಟಲ್. ಆ ಕಡ್ಡೀನೇ ಹಿಡಿದು ಎಳೀರಿ. ಬಿಚ್ಚೋ ಮುಂಚೆ ಒಂದು ಫೋಟೋ ತೆಗೆದಿಟ್ಕೊಂಡ್ರೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತೆ. ಒಳಗಿನ ಗೂಡನ್ನ ಬ್ರಶ್ಶಿಂದ ಗುಡಿಸಿ, ಹಳೇ ಪಂಚೆ ತುಂಡಿಂದ ಒರೆಸಿ, ಶಟಲ್ ಅಂಚಿಗೆ ದಾರದ ಚೂರು ಸುತ್ತಿದ್ರೆ ಬಿಡಿಸಿ. ಆಮೇಲೆ ಗೂಡಿನ ಒಳ ಅಂಚಿಗೆ, ಶಟಲ್ ಅಂಚು ಉಜ್ಜಿ ಓಡೋ ಜಾಗಕ್ಕೆ, ಒಂದು ಹನಿ, ತಪ್ಪಿದ್ರೆ ಎರಡು, ಮೂರನೇದು ಬೇಡ.

ವಾಪಸ್ ಹಾಕುವಾಗ ಒಳಗೆ ನೋಡಿ, ಶಟಲ್‌ನ ತಳ್ಳೋ ಭಾಗ ಎಡಗಡೆ ಅರ್ಧಚಂದ್ರದ ಹಾಗೆ ನಿಂತಿರಬೇಕು, ಇಲ್ಲದಿದ್ರೆ ಚಕ್ರ ತಿರುಗಿಸಿ ಅಲ್ಲಿಗೆ ತನ್ನಿ. ಶಟಲ್ ಬಲಗಡೆ ಅರ್ಧಚಂದ್ರ ಆಗಿ ಕೂತ್ರೆ ಎರಡೂ ಸೇರಿ ಪೂರ್ತಿ ಚಂದ್ರ. ಮೂಲೆ ಎದ್ದಿದ್ರೆ ಒತ್ತಬೇಡಿ, ತೆಗೆದು ಮತ್ತೆ ಕೂರಿಸಿ. ಆಮೇಲೆ ಮುಚ್ಚಳ ಹಾಕಿ, ಅದರ ಕೆಳಗಿನ ಪುಟ್ಟ ಮೊಳೆ ಗೂಡಿನ ಕಚ್ಚಿಗೆ ಬಿದ್ದಿದೆಯಾ ನೋಡ್ಕೊಂಡೇ ಲಿವರ್ ಒಳಕ್ಕೆ ತಿರುಗಿಸಿ. ಕೈಯಲ್ಲಿ ಚಕ್ರ ನಾಲ್ಕು ಸುತ್ತು ತಿರುಗಿಸಿ, ಎಲ್ಲೂ ಹಿಡಿಯದಿದ್ರೆ ಸರಿಯಾಗಿ ಕೂತಿದೆ. ಇದನ್ನ ಬಿಟ್ಟು ನೇರ ಪೆಡಲ್ ಒತ್ತಿ ಸೂಜಿ ಮುರ್ಕೊಂಡವರನ್ನ ಬೇಕಾದಷ್ಟು ನೋಡಿದೀನಿ.

ಬಾಬಿನ್ ಮೇಲಿಂದ ಹಾಕೋ ಮೆಷಿನ್ ಆದ್ರೆ ಕೆಲಸ ಸಲೀಸು, ಪ್ಲಾಸ್ಟಿಕ್ ಹೋಲ್ಡರ್ ಎತ್ತಿ ಗುಡಿಸಿ ಒರೆಸಿ ಇಟ್ರೆ ಆಯ್ತು. ಪ್ಲಾಸ್ಟಿಕ್‌ಗೆ ಎಣ್ಣೆ ಬಿಡಬೇಡಿ, ಜೊತೆಗೆ ಬಂದಿರೋ ಪುಸ್ತಕ ಯಾವುದಾದ್ರೂ ಜಾಗ ತೋರಿಸಿದ್ರೆ ಅಲ್ಲಿಗೆ ಮಾತ್ರ.

ಮೇಲಿನ ದಾರಾನ ಬಿಗಿಯಾಗಿ ಹಿಡಿಯೋ ಟೆನ್ಷನ್ ತಟ್ಟೆಗಳ ಮಧ್ಯೆ ಯಾವ ಎಣ್ಣೇನೂ ಬೇಡ. ಫುಟ್ ಎತ್ತಿ ತೆಳು ಬಟ್ಟೆ ತುಂಡು ಮಧ್ಯೆ ಎಳೆದಾಡಿ, ಸಿಕ್ಕಿರೋ ದಾರದ ಚೂರು ಬರುತ್ತೆ. ಎಷ್ಟೋ ಜನ ಹೊಲಿಗೆ ಸಡಿಲ ಅಂತ ಟೆನ್ಷನ್ ತಿರುಗಿಸಿ ತಿರುಗಿಸಿ ಒದ್ದಾಡ್ತಾರೆ, ಎಳೆದು ನೋಡಿದ್ರೆ ಅಲ್ಲಿರೋದು ಒಂದಿಂಚು ದಾರ.

ಎಲ್ಲಾ ಜೋಡಿಸಿದ ಮೇಲೆ ಹೊಸ ಸೂಜಿ ಹಾಕಿ, ಚಪ್ಪಟೆ ಭಾಗ ಹಿಂದಕ್ಕೆ, ಮೇಲಕ್ಕೆ ತಾಗೋ ತನಕ ತಳ್ಳಿ. ಬ್ಲೌಸ್ ಬಟ್ಟೆಗೆ 11 ಅಥವಾ 14 ನಂಬರ್ ಸೂಜಿ, ಜೀನ್ಸಿಗೆ 16. ಎಂಟ್ಹತ್ತು ಗಂಟೆ ಹೊಲಿದ ಸೂಜಿ ಮತ್ತೆ ಹಾಕೋದು ನನಗಂತೂ ಇಷ್ಟವಿಲ್ಲ, ಬ್ಲೌಸ್ ಪೀಸಲ್ಲಿ ಎಳೆ ಕಿತ್ತ ಮೇಲೆ ಬೇಜಾರು ಮಾಡ್ಕೊಂಡು ಏನು ಪ್ರಯೋಜನ. ದಿನಾ ಹೊಲಿಯೋರು ವಾರಕ್ಕೊಮ್ಮೆ, ಫಾಲ್ ಹಚ್ಚೋಕೆ ಮಾತ್ರ ತೆಗೆಯೋರು ಎರಡು ತಿಂಗಳಿಗೊಮ್ಮೆ ಇಷ್ಟು ಮಾಡಿ, ನೈಟಿ, ಟವೆಲ್ ಥರ ಜುಂಗು ಬಿಡೋ ಬಟ್ಟೆ ಹೊಲಿದ ದಿನಾನೇ ಗುಡಿಸಿ.

ಮೊದಲ ಹೊಲಿಗೆ ಬಿಳಿ ಚಿಂದಿ ಮೇಲೆ ಹಾಕಿ. ಪಕ್ಕದ್ಮನೆ ಮೆಷಿನ್‌ನ ಬಟ್ಟೆಯಿಂದ ಒರೆಸಿ, ಮೆಷಿನ್ ಎಣ್ಣೆ ಸವರಿ, ಮತ್ತೆ ಒರೆಸಿ ಇಡೀ ಮಧ್ಯಾಹ್ನ ಹೋಯ್ತು. ಆಮೇಲೆ ಪಂಚೆ ತುಂಡಿನ ಮೇಲೆ ಓಡಿಸಿದ್ರೆ ಮೊದಲ ಸಾಲು ಪೂರ್ತಿ ಕಂದು ಕಲೆ, ಎರಡನೇದು ಅಲ್ಲಲ್ಲಿ, ಐದನೇ ಸಾಲಿಗೆ ಬೆಳ್ಳಗೆ ಬಂತು. ಆಮೇಲೇ ಅವಳ ತಂಗಿ ಮದುವೆಯ ರೇಷ್ಮೆ ಬ್ಲೌಸ್ ಪೀಸನ್ನ ಸೂಜಿ ಕೆಳಗೆ ಇಡೋಕೆ ಬಿಟ್ಟಿದ್ದು.